ಹುಲಿ ಬಂದರೂ ಊಟ ಹೊತ್ತಿಗೆ ಸರಿಯಾಗಿ: ಉತ್ಸವದ ಬೀದಿಯಲ್ಲಿ ಹಾಸ್ಯದ ಬಟ್ಲರ್ ಆಗುವುದು ಹೇಗೆ?

ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ನಗರದಲ್ಲಿ ಆಗಸ್ಟ್ ತಿಂಗಳು ಪೂರ್ತಿ ನಾಟಕದ ಹಬ್ಬ. 1947ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ತಂಡಗಳು ಆಹ್ವಾನವಿಲ್ಲದೆಯೇ ಬಂದು ಉತ್ಸವದ ಅಂಚಿನಲ್ಲಿ ನಾಟಕವಾಡಿದವು. ಅದೇ ಬೆಳೆದು ಇಂದಿನ ಫ್ರಿಂಜ್ ಉತ್ಸವವಾಗಿದೆ. ಇಲ್ಲಿ ಆಯ್ಕೆ ಸಮಿತಿ ಇಲ್ಲ. ಜಾಗ ಹೊಂದಿಸಿಕೊಂಡು ನೋಂದಾಯಿಸಿದವರೆಲ್ಲ ಆಡಬಹುದು. ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುವ ರಾಯಲ್ ಮೈಲ್ ಬೀದಿಯ ಹೈ ಸ್ಟ್ರೀಟ್ ಭಾಗವಂತೂ ಬಯಲು ರಂಗಮಂದಿರವೇ ಆಗಿಬಿಡುತ್ತದೆ.

ಬೀದಿ ಕಲೆಗಳಲ್ಲಿ ‘ವಾಕ್‌ಅಬೌಟ್’ ಎಂಬುದೊಂದು ಬಗೆ. ವೇದಿಕೆಯಿಲ್ಲ, ಮೈಕಿಲ್ಲ. ಪಾತ್ರಧಾರಿಗಳು ಜನರ ನಡುವೆಯೇ ಸುತ್ತಾಡುತ್ತ, ದಾರಿಹೋಕರ ಜೊತೆ ಎರಡು ಮೂರು ನಿಮಿಷದ ಪುಟ್ಟ ಆಟ ಕಟ್ಟುತ್ತಾರೆ. ಇದಕ್ಕೆ ಹೇಳಿ ಮಾಡಿಸಿದ ವೇಷ ಬಟ್ಲರ್‌ನದು. ಖರ್ಚು ಕಡಿಮೆ, ನೋಡಿದೊಡನೆ ಗುರುತು ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ವೇಷ ಎದುರಿಗಿದ್ದವರನ್ನು ಒಂದು ಗಳಿಗೆ ದೊರೆಯಾಗಿಸುತ್ತದೆ. ಬ್ರಿಟನ್ನಿನಲ್ಲಿ ಓದುತ್ತಿರುವ, ಅಲ್ಲಿನ ಉತ್ಸವಗಳಿಗೆ ಹೋಗಬಯಸುವ ಕನ್ನಡದ ರಂಗಾಸಕ್ತರಿಗೆ ಇದು ಹಂತ ಹಂತದ ಕೈಪಿಡಿ.

ಹಂತ 1: ಬಟ್ಲರ್ ಯಾರೆಂದು ಮೊದಲು ತಿಳಿಯಿರಿ

‘ಬಟ್ಲರ್’ ಎಂಬ ಪದ ಹಳೆಯ ಫ್ರೆಂಚ್ ಭಾಷೆಯಿಂದ ಬಂದದ್ದು. ಬಾಟಲಿ ನೋಡಿಕೊಳ್ಳುವವನು ಎಂದು ಅದರ ಮೂಲ ಅರ್ಥ. ಸಿರಿವಂತರ ಮನೆಯ ಮದ್ಯದ ಉಗ್ರಾಣ, ಬೆಳ್ಳಿ ಪಾತ್ರೆ, ಊಟದ ಮೇಜು, ಮುಂಬಾಗಿಲು ಅವನ ಸುಪರ್ದಿಗೆ. ಮನೆಯ ಗಂಡಾಳುಗಳಿಗೆಲ್ಲ ಅವನೇ ಮೇಟಿ. ಅವನ ಕೈಕೆಳಗಿನ ಕಿರಿಯ ಆಳುಗಳೇ ಫುಟ್‌ಮ್ಯಾನ್‌ಗಳು. ಒಡೆಯನ ಬಟ್ಟೆಬರೆ, ಪ್ರಯಾಣ ನೋಡಿಕೊಳ್ಳುವ ‘ವ್ಯಾಲೆ’ ಬೇರೆ. ಪಿ.ಜಿ. ವುಡ್‌ಹೌಸ್ 1915ರಲ್ಲಿ ಸೃಷ್ಟಿಸಿದ ಜೀವ್ಸ್ ಎಲ್ಲರ ಬಾಯಲ್ಲಿ ಬಟ್ಲರ್ ಎನಿಸಿಕೊಂಡರೂ ನಿಜಕ್ಕೂ ವ್ಯಾಲೆ.

ವೇಷ ಕಟ್ಟುವ ಮುನ್ನ ಎರಡು ಕೃತಿಗಳನ್ನು ಗಮನಿಸಿ. ಮೊದಲನೆಯದು ಕಝುವೊ ಇಶಿಗುರೊ ಅವರಿಗೆ 1989ರಲ್ಲಿ ಬೂಕರ್ ತಂದುಕೊಟ್ಟ ‘ದಿ ರಿಮೇನ್ಸ್ ಆಫ್ ದಿ ಡೇ’ ಕಾದಂಬರಿ. ಅದರ ಬಟ್ಲರ್ ಸ್ಟೀವನ್ಸ್, ತನ್ನ ತಂದೆ ಹೇಳುತ್ತಿದ್ದ ಕತೆಯೊಂದನ್ನು ನೆನೆಯುತ್ತಾನೆ. ಭಾರತದಲ್ಲಿದ್ದ ಬಟ್ಲರ್ ಒಬ್ಬ ಊಟದ ಕೋಣೆಗೆ ಹೋದರೆ ಮೇಜಿನಡಿ ಹುಲಿ ಮಲಗಿದೆ. ಸದ್ದಿಲ್ಲದೆ ಬಾಗಿಲು ಮುಚ್ಚಿ, ಅತಿಥಿಗಳ ಜೊತೆ ಕುಳಿತಿದ್ದ ಒಡೆಯನ ಕಿವಿಯಲ್ಲಿ ವಿಷಯ ಹೇಳಿ, ಬಂದೂಕು ಬಳಸಲು ಅಪ್ಪಣೆ ಕೇಳುತ್ತಾನೆ. ಗುಂಡಿನ ಸದ್ದು ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಬಂದವನು, ಊಟ ಎಂದಿನ ಹೊತ್ತಿಗೇ ಸಿದ್ಧ, ನಡೆದದ್ದರ ಗುರುತೂ ಉಳಿದಿರುವುದಿಲ್ಲ ಎಂದು ಅರಿಕೆ ಮಾಡಿಕೊಳ್ಳುತ್ತಾನೆ. ದೊಡ್ಡ ಸಂಗತಿಗೆ ಸಣ್ಣ ದನಿ: ಬಟ್ಲರ್ ಹಾಸ್ಯದ ಬೀಜ ಇಲ್ಲಿದೆ.

ಎರಡನೆಯದರಲ್ಲೂ ಹುಲಿಯಿದೆ. 1963ರಲ್ಲಿ ಜರ್ಮನಿಯ ಎನ್‌ಡಿಆರ್ ವಾಹಿನಿ ಚಿತ್ರೀಕರಿಸಿದ ‘ಡಿನ್ನರ್ ಫಾರ್ ಒನ್’ ಪ್ರಹಸನವನ್ನು ಜರ್ಮನ್ನರು ವರ್ಷದ ಕೊನೆಯ ರಾತ್ರಿ ತಪ್ಪದೆ ನೋಡುತ್ತಾರೆ. ತೊಂಬತ್ತರ ಮಿಸ್ ಸೋಫಿಯ ಹುಟ್ಟುಹಬ್ಬದ ಊಟಕ್ಕೆ ಬರಬೇಕಿದ್ದ ನಾಲ್ವರು ಗೆಳೆಯರೂ ಎಂದೋ ತೀರಿಕೊಂಡಿದ್ದಾರೆ. ಫ್ರೆಡ್ಡಿ ಫ್ರಿಂಟನ್ ಅಭಿನಯಿಸಿದ ಬಟ್ಲರ್ ಜೇಮ್ಸ್ ಅವರೆಲ್ಲರ ಪಾಲಿನ ಮದ್ಯವನ್ನೂ ತಾನೇ ಕುಡಿಯುತ್ತ ಬಡಿಸುತ್ತಾನೆ. ನೆಲಕ್ಕೆ ಹಾಸಿದ ಹುಲಿಚರ್ಮದ ತಲೆಗೆ ಮತ್ತೆ ಮತ್ತೆ ಎಡವುತ್ತಾನೆ. ಒಮ್ಮೆ ಎಡವದೆ ದಾಟಿಬಿಟ್ಟಾಗ ತಾನೇ ಬೆರಗಾಗುತ್ತಾನೆ. ಒಂದನ್ನು ರೂಢಿ ಮಾಡಿ, ಆಮೇಲೆ ಮುರಿಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹಂತ 2: ಜೋಡಿ ಕಟ್ಟಿ, ಗತ್ತು ಹಂಚಿಕೊಳ್ಳಿ

ಒಬ್ಬರೇ ಸುತ್ತಾಡಿದರೆ ಜನ ಕೈಗೆ ಸಿಗದ ಹೊತ್ತಿನಲ್ಲಿ ಆಟ ನಿಂತುಹೋಗುತ್ತದೆ. ಇಬ್ಬರಿರಲಿ, ಹೆಚ್ಚೆಂದರೆ ಮೂವರು. ಒಬ್ಬರು ಹಿರಿಯ ಬಟ್ಲರ್, ಇನ್ನೊಬ್ಬರು ಹೊಸದಾಗಿ ಸೇರಿದವರು. ಹಿರಿಯರಿಗೆ ಎಲ್ಲ ಗೊತ್ತು, ಕಿರಿಯರಿಗೆ ಎಲ್ಲವನ್ನೂ ಸರಿಯಾಗಿ ಮಾಡುವ ಹಂಬಲ. ಈ ಎರಡೇ ಎಳೆ ಸಾಕು. ಗಂಡಸರೇ ಆಗಬೇಕೆಂದಿಲ್ಲ, ಈ ವೇಷ ಹೆಣ್ಣುಮಕ್ಕಳಿಗೂ ಅಷ್ಟೇ ಒಪ್ಪುತ್ತದೆ.

ರಂಗಶಿಕ್ಷಕ ಕೀತ್ ಜಾನ್‌ಸ್ಟನ್ 1979ರ ‘ಇಂಪ್ರೊ’ ಪುಸ್ತಕದಲ್ಲಿ ಒಡೆಯ–ಆಳಿನ ದೃಶ್ಯಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಸಮಾಜ ಕೊಟ್ಟ ಸ್ಥಾನ ಬೇರೆ, ಮನುಷ್ಯ ಆ ಗಳಿಗೆಯಲ್ಲಿ ತೋರುವ ಗತ್ತು ಬೇರೆ ಎಂಬುದು ಅಲ್ಲಿ ಸಿಗುವ ತಿಳಿವು. ಬಟ್ಲರ್‌ನ ಅಂತಸ್ತು ಆಳಿನದು, ಗತ್ತು ದೊರೆಯದು. ತಲೆ ಅಲುಗಾಡದು, ನಡಿಗೆಯಲ್ಲಿ ಅವಸರವಿಲ್ಲ, ಕೈ ಮುಖಕ್ಕೆ ಹೋಗದು. ನಮ್ಮ ಯಕ್ಷಗಾನದ ಹಾಸ್ಯಗಾರ ದೂತನಾಗಿ ಬಂದಾಗ ಮೈಯೆಲ್ಲ ಮಾತಾಡುತ್ತದೆ. ಆ ಪರಂಪರೆಯಿಂದ ಬಂದವರು ಇಲ್ಲಿ ಅದೇ ಚುರುಕನ್ನು ಒಳಗೇ ಹಿಡಿದಿಟ್ಟು, ಹುಬ್ಬಿನ ಒಂದು ಕೂದಲೆಳೆಯಷ್ಟು ಮಾತ್ರ ಹೊರಬಿಡಬೇಕು.

ಹಂತ 3: ವೇಷ ಮತ್ತು ಪರಿಕರ

• ಹಿಂಬದಿಯಲ್ಲಿ ಬಾಲವಿಳಿದ ಕಪ್ಪು ಕೋಟು, ಬೂದು ಅಥವಾ ಕಪ್ಪು ಪ್ಯಾಂಟು, ವೇಸ್ಟ್‌ಕೋಟು, ಬಿಳಿ ಶರ್ಟು, ಬೋ ಟೈ. ಬ್ರಿಟನ್ನಿನ ಚ್ಯಾರಿಟಿ ಅಂಗಡಿಗಳಲ್ಲಿ ಹಳೆಯ ಕೋಟುಗಳನ್ನು ಹುಡುಕಿ. ಅಳತೆಗೆ ಸರಿಯಾಗಿ ಹೊಲಿಸಿಕೊಳ್ಳಿ. ದೊಗಲೆ ಕೋಟು ಹಾಕಿದರೆ ಕೋಡಂಗಿಯಾಗುತ್ತೀರಿ, ಬಟ್ಲರ್ ಆಗುವುದಿಲ್ಲ.

• ಬಿಳಿ ಕೈಗವಸು. ದೂರದಿಂದ ಕೈಯ ಸನ್ನೆ ಕಾಣುವುದು ಇದರಿಂದಲೇ. ಮೂರು ಜೊತೆ ಇರಲಿ, ಬೇಗ ಕೊಳೆಯಾಗುತ್ತದೆ.

• ರಬ್ಬರ್ ಅಟ್ಟೆಯ ಕಪ್ಪು ಷೂ. ಹೈ ಸ್ಟ್ರೀಟಿನ ಕಲ್ಲುಹಾಸು ಮಳೆಗೆ ಜಾರುತ್ತದೆ.

• ಬೆಳ್ಳಿ ಬಣ್ಣದ ಟ್ರೇ, ಅದರ ಮೇಲೆ ಗುಮ್ಮಟದಂಥ ಮುಚ್ಚಳ, ತೋಳಿನ ಮೇಲೆ ಬಿಳಿ ವಸ್ತ್ರ, ಪುಟ್ಟ ಗಂಟೆ, ಬಟ್ಟೆ ಬ್ರಷ್, ಉದ್ದ ಹಿಡಿಯ ಕಪ್ಪು ಕೊಡೆ. ಟ್ರೇಗೆ ಕಪ್–ಸಾಸರನ್ನು ಗಟ್ಟಿ ಅಂಟಿನಿಂದ ಕೂರಿಸಿ. ಗಾಜು ಬೇಡವೇ ಬೇಡ. ಪ್ಲಾಸ್ಟಿಕ್ಕಿನ ಲೋಟ ಸಾಕು.

• ಎಲ್ಲವೂ ಕೈಯಲ್ಲಿ ಹಿಡಿಯುವಷ್ಟೇ ಇರಲಿ. ಕೆಳಗಿಟ್ಟು ಮರೆಯುವಂಥ ಒಂದು ವಸ್ತುವೂ ಬೇಡ.

ಹಂತ 4: ಏಳೆಂಟು ತುಣುಕು ಕಟ್ಟಿಕೊಳ್ಳಿ

ಜನರನ್ನು ನಗಿಸಲು ಹೊರಡಬೇಡಿ. ಸೇವೆ ಮಾಡಲು ಹೊರಡಿ. ಎದುರಿಗಿರುವವರಿಗೆ ಏನು ಬೇಕಾಗಿದೆ ಎಂದು ನೋಡಿ, ಅದನ್ನು ಅಗತ್ಯಕ್ಕಿಂತ ಹೆಚ್ಚು ಶಿಸ್ತಿನಿಂದ ಮಾಡಿಕೊಡಿ. ನಗು ತಾನಾಗಿ ಬರುತ್ತದೆ. ಕೆಲವು ಮಾದರಿಗಳು:

ಕೊಡೆ: ತುಂತುರಿನಲ್ಲಿ ಒಬ್ಬರೇ ಹೋಗುತ್ತಿರುವವರ ಪಕ್ಕಕ್ಕೆ ಬನ್ನಿ. ಕೈ ಚಾಚಿ ಅವರ ತಲೆಗೆ ಕೊಡೆ ಹಿಡಿಯಿರಿ; ನೀವು ಪೂರ್ತಿ ನೆನೆಯಿರಿ. ಅವರ ಹೆಜ್ಜೆಗೆ ಹೆಜ್ಜೆ ಹಾಕಿ. ತಿರುವಿನಲ್ಲಿ ಬಾಗಿ ಬೀಳ್ಕೊಡಿ. ಒಂದೂ ಮಾತು ಬೇಡ.

ಆಗಮನ ಘೋಷಣೆ: ದೊಡ್ಡ ಮನೆಗಳ ಔತಣಕ್ಕೆ ಬಂದವರ ಹೆಸರನ್ನು ಬಾಗಿಲಲ್ಲಿ ಕೂಗಿ ಹೇಳುವುದು ಬಟ್ಲರ್‌ನ ನಿಜವಾದ ಕೆಲಸ. ಟಿಕೆಟ್ ಸರದಿಯಲ್ಲಿ ನಿಂತವರ ಬಳಿ ಹೋಗಿ ಹೆಸರನ್ನು ಪಿಸುದನಿಯಲ್ಲಿ ಕೇಳಿ. ಬೀದಿಗೆಲ್ಲ ಕೇಳುವಂತೆ ಘೋಷಿಸಿ. ಕಿರಿಯ ಬಟ್ಲರ್ ಗಂಟೆ ಬಾರಿಸಲಿ. ಮೊದಲನೆಯವರು ನಾಚುತ್ತಾರೆ, ಐದನೆಯವರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ.

ಪತ್ರಿಕೆಗೆ ಇಸ್ತ್ರಿ: ಒಡೆಯನ ಕೈಗೆ ಮಸಿ ಹತ್ತದಿರಲೆಂದು ಹಳೆಯ ಕಾಲದ ಆಳುಗಳು ದಿನಪತ್ರಿಕೆಗೆ ಇಸ್ತ್ರಿ ಹಾಕುತ್ತಿದ್ದರು. ಬೆಂಚಿನ ಮೇಲೆ ಓದುತ್ತ ಕುಳಿತವರ ಒಪ್ಪಿಗೆ ಪಡೆದು, ಅವರ ಉತ್ಸವ ಕಾರ್ಯಕ್ರಮದ ಹಾಳೆಗೆ ಆಟಿಕೆಯ ಇಸ್ತ್ರಿಪೆಟ್ಟಿಗೆ ಆಡಿಸಿ. ಮಡಿಕೆ ಸರಿಯಾಯಿತೇ ಎಂದು ಇಬ್ಬರೂ ಗಂಭೀರವಾಗಿ ಪರಿಶೀಲಿಸಿ ಒಪ್ಪಿಸಿ.

ಬಾಗಿಲು: ಹಿಡಿಕೆಯೊಂದನ್ನು ಕೈಯಲ್ಲಿ ಹಿಡಿದು ಇಲ್ಲದ ಬಾಗಿಲನ್ನು ತೆರೆಯಿರಿ. ಐವತ್ತು ಹೆಜ್ಜೆ ದೂರದಲ್ಲಿ ಬರುತ್ತಿರುವವರಿಗಾಗಿ ತೆರೆದೇ ನಿಲ್ಲಿ. ತಮಗಾಗಿ ಕಾದವರಿದ್ದಾರೆಂದು ತಿಳಿದ ಜನ ತಾವಾಗಿಯೇ ಹೆಜ್ಜೆ ಬಿರುಸು ಮಾಡುತ್ತಾರೆ.

ಮುಚ್ಚಿದ ಟ್ರೇ: ಮುಚ್ಚಳ ಎತ್ತಿದರೆ ಒಂದೇ ಒಂದು ಗುಂಡಿ, ಅಥವಾ ನಿಮ್ಮ ನಾಟಕದ ಕರಪತ್ರ. ಹೈ ಸ್ಟ್ರೀಟಿನಲ್ಲಿ ಎಲ್ಲ ತಂಡದವರೂ ಕರಪತ್ರ ಹಂಚುತ್ತಾರೆ, ದಾರಿಹೋಕರು ಕೈ ಬೀಸಿ ನಡೆಯುತ್ತಾರೆ. ಮಡಿಸಿದ ವಸ್ತ್ರದ ಮೇಲೆ ಟ್ರೇಯಲ್ಲಿ ಬಂದ ಹಾಳೆಗೆ ಬೇರೆಯೇ ಬೆಲೆ.

ಪ್ರತಿ ತುಣುಕಿಗೂ ಶುರು, ನಡು, ಕೊನೆ ಇರಲಿ. ಕೊನೆ ಎಂದರೆ ಬಾಗಿ ನಮಿಸಿ, ಹಿಂದಿರುಗಿ ನೋಡದೆ ಹೊರಡುವುದು. ನಗು ಏರುತ್ತಿರುವಾಗಲೇ ಹೊರಡಿ.

ಹಂತ 5: ಮಾತು ಮತ್ತು ಮರ್ಯಾದೆ

ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ಉತ್ಸವಕ್ಕೆ ಬರುವವರೆಲ್ಲರಿಗೂ ಇಂಗ್ಲಿಷ್ ಬರುವುದಿಲ್ಲ.

ನಾವು ವಿಶೇಷವಾಗಿ ಯೋಚಿಸಬೇಕಾದ ಸಂಗತಿ ಒಂದಿದೆ. ಮದರಾಸು ಪ್ರಾಂತ್ಯದ ಬಿಳಿಯರ ಮನೆಗಳಲ್ಲಿ ದುಡಿಯುತ್ತಿದ್ದ ನಮ್ಮ ನಾಡಿನ ಆಳುಗಳು ಕಲಿತಷ್ಟೇ ಇಂಗ್ಲಿಷಿನಲ್ಲಿ ಕೆಲಸ ನಿಭಾಯಿಸಿದರು. ಅದನ್ನು ‘ಬಟ್ಲರ್ ಇಂಗ್ಲಿಷ್’ ಎಂದು ಲೇವಡಿ ಮಾಡಲಾಯಿತು. ಆ ಮಾತು ಇಂದಿಗೂ ನಮ್ಮಲ್ಲಿ ಬೈಗುಳವಾಗಿಯೇ ಉಳಿದಿದೆ. ಬ್ರಿಟನ್ನಿನ ಬೀದಿಯಲ್ಲಿ ಕಂದು ಮೈಬಣ್ಣದ ಬಟ್ಲರ್ ಉಚ್ಚಾರಣೆ ಮುರಿದುಕೊಂಡು ಮಾತಾಡಿದರೆ ನಗು ಸುಲಭವಾಗಿ ಸಿಗುತ್ತದೆ. ಆದರೆ ಅದು ಆ ಹಿರಿಯರ ಬೆನ್ನ ಮೇಲೆ ನಿಂತು ಪಡೆದ ನಗು. ಹಾಗೆ ಮಾಡಬೇಡಿ. ನಿಮ್ಮ ಸಹಜ ದನಿಯಲ್ಲಿ, ತಿದ್ದಿದ ವಾಕ್ಯದಲ್ಲಿ ಮಾತಾಡಿ. ನಡುನಡುವೆ ಕನ್ನಡವನ್ನೂ ಅದೇ ಗತ್ತಿನಿಂದ ಬಳಸಿ. ‘ದಯಮಾಡಿಸಬೇಕು’ ಎಂಬ ಒಂದು ಮಾತು, ಸರಿಯಾದ ಬಾಗುವಿಕೆಯೊಡನೆ ಬಂದರೆ, ಯಾವ ದೇಶದವರಿಗೂ ಅರ್ಥವಾಗುತ್ತದೆ. ಪೇಟ–ನಡುಪಟ್ಟಿ ತೊಟ್ಟು ಬಡಿಸುವ ‘ಬೇರರ್’ ವೇಷಕ್ಕೂ ಇದೇ ಎಚ್ಚರ ಬೇಕು.

ಹಂತ 6: ತಾಲೀಮು

ಮೊದಲ ವಾರ ನಡಿಗೆ ಮಾತ್ರ. ತುಂಬಿದ ನೀರಿನ ಲೋಟವನ್ನು ಟ್ರೇಯಲ್ಲಿಟ್ಟು ಮೆಟ್ಟಿಲು ಹತ್ತಿಳಿಯಿರಿ. ಎರಡನೆಯ ವಾರ ಜೋಡಿಯ ಲಯ: ಒಬ್ಬರು ತಿರುಗಿದೊಡನೆ ಇನ್ನೊಬ್ಬರು, ಒಂದು ಎಣಿಕೆ ತಡವಾಗಿ. ಮೂರನೆಯ ವಾರ ಗೆಳೆಯರನ್ನು ದಾರಿಹೋಕರನ್ನಾಗಿಸಿ. ಅವರು ಬೈಯಲಿ, ಓಡಲಿ, ಟ್ರೇ ಕಿತ್ತುಕೊಳ್ಳಲಿ. ಏನೇ ಆದರೂ ನಿಮ್ಮ ಉತ್ತರ ಮೇಜಿನಡಿ ಹುಲಿ ಕಂಡವನದೇ ಆಗಿರಬೇಕು. ಕೊನೆಗೆ ಊರಿನ ಉದ್ಯಾನದಲ್ಲಿ ಒಮ್ಮೆ ಆಡಿ ನೋಡಿ.

ಹಂತ 7: ಜನರ ನಡುವೆ

• ಒಪ್ಪಿಗೆ ಕಣ್ಣಲ್ಲೇ ಸಿಗುತ್ತದೆ. ಎದುರಿನವರು ನಿಮ್ಮನ್ನು ನೋಡಿ ಮುಗುಳ್ನಕ್ಕರೆ ಹತ್ತಿರ ಹೋಗಿ. ನೋಟ ತಪ್ಪಿಸಿದರೆ, ಅದೂ ಒಂದು ಅಪ್ಪಣೆಯೆಂದು ತಿಳಿದು ಬಾಗಿ ಹಿಂದೆ ಸರಿಯಿರಿ.

• ಯಾರನ್ನೂ ಮುಟ್ಟಬೇಡಿ. ಕೋಟಿನ ಧೂಳು ಝಾಡಿಸುವ ಆಟವಿದ್ದರೆ ಬ್ರಷ್ಷನ್ನು ಗೇಣು ದೂರದಲ್ಲಿ ಗಾಳಿಗೆ ಆಡಿಸಿ.

• ಮಕ್ಕಳೊಡನೆ ಆಡುವಾಗ ತಂದೆತಾಯಿ ಎದುರಿಗಿರಲಿ. ಹೆದರಿದ ಮಗುವಿಂದ ದೂರ ಸರಿಯಿರಿ.

• ನಿಜವಾದ ತಿಂಡಿ, ಪಾನೀಯ ಕೊಡಬೇಡಿ. ಬ್ರಿಟನ್ನಿನ ಕಾನೂನು 14 ಬಗೆಯ ಅಲರ್ಜಿಕಾರಕಗಳನ್ನು ಪಟ್ಟಿ ಮಾಡಿದೆ. ಆ ಹೊಣೆ ನಿಮಗೆ ಬೇಡ.

• ಉಡುಗೆ, ಮೈಕಟ್ಟು, ಜೊತೆಗಾರರ ಬಗ್ಗೆ ಒಂದು ಮಾತೂ ಬೇಡ. ತಪ್ಪೆಲ್ಲ ನಿಮ್ಮ ಕಿರಿಯ ಬಟ್ಲರ್‌ನದು, ಗೌರವವೆಲ್ಲ ಅವರದು.

ಹಂತ 8: ಕಾಗದಪತ್ರ, ಸಮಯ, ಮಳೆ

ಫ್ರಿಂಜ್‌ನ ಬೀದಿ ಪ್ರದರ್ಶನಕ್ಕೆ ಉತ್ಸವ ಸಂಸ್ಥೆಯಲ್ಲಿ ಮುಂಚಿತವಾಗಿ ನೋಂದಾಯಿಸಿಕೊಳ್ಳಿ. ಬೇರೆ ಉತ್ಸವಗಳಾದರೆ ಆಯೋಜಕರಿಗೆ ಒಂದು ಪುಟದ ವಿವರ, ಮೂರು ಫೋಟೊ, ಒಂದು ನಿಮಿಷದ ವಿಡಿಯೊ ಕಳಿಸಿ. ಸಾರ್ವಜನಿಕ ಹೊಣೆಗಾರಿಕೆ ವಿಮೆಯ ಪತ್ರವನ್ನು ಬಹುತೇಕ ಎಲ್ಲರೂ ಕೇಳುತ್ತಾರೆ. ಅಪಾಯಗಳ ಅಂದಾಜು ಪಟ್ಟಿಯನ್ನೂ ಬರೆದಿಟ್ಟುಕೊಳ್ಳಿ.

ವೀಸಾ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರಿಟನ್ ಸರ್ಕಾರದ ‘ಪರ್ಮಿಟ್ ಫ್ರೀ’ ಉತ್ಸವಗಳ ಪಟ್ಟಿಯಲ್ಲಿರುವ ಉತ್ಸವಕ್ಕೆ ಆಹ್ವಾನಿತರಾದ ಕಲಾವಿದರು ಸಂದರ್ಶಕ ವೀಸಾದಲ್ಲಿ ಬಂದು ಪ್ರದರ್ಶನ ನೀಡಬಹುದು, ಸಂಭಾವನೆ ಪಡೆಯಬಹುದು. ಪಟ್ಟಿ ಪರಿಷ್ಕರಣೆಯಾಗುತ್ತಿರುತ್ತದೆ, ಅರ್ಜಿ ಹಾಕುವ ಮುನ್ನ ಸರ್ಕಾರದ ಜಾಲತಾಣ ನೋಡಿ. ವಿದ್ಯಾರ್ಥಿ ವೀಸಾದಲ್ಲಿರುವವರು ಅಲ್ಲಿ ವೃತ್ತಿಪರ ಮನರಂಜಕರಾಗಿ ದುಡಿಯುವಂತಿಲ್ಲ, ಸ್ವಯಂ ಉದ್ಯೋಗವನ್ನೂ ಮಾಡುವಂತಿಲ್ಲ. ಜನರಿಂದ ಹಣ ಪಡೆಯಲು ಟೋಪಿ ಮುಂದಿಡುವ ಮುನ್ನ ನಿಮ್ಮ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಕೇಳಿ.

ಸುತ್ತಾಟದ ಪ್ರದರ್ಶನವನ್ನು ಸಾಮಾನ್ಯವಾಗಿ ಅರ್ಧ ಗಂಟೆಯ ಸುತ್ತುಗಳಾಗಿ ಹಂಚುತ್ತಾರೆ, ದಿನಕ್ಕೆ ಎರಡು ಮೂರು ಸುತ್ತು. ನಡುವೆ ಒಂದು ಗಂಟೆ ಬಿಡುವು, ನೀರು, ಬೀಗ ಹಾಕಬಹುದಾದ ಕೋಣೆ ಕೇಳಿ ಪಡೆಯಿರಿ. ಎಡಿನ್‌ಬರ್ಗ್‌ನ ಆಗಸ್ಟ್‌ನಲ್ಲಿ ಮಳೆ, ಚಳಿ ಎರಡೂ ಬರಬಹುದು. ಒಳಗೆ ಬೆಚ್ಚನೆಯ ಬನಿಯನ್ನು, ಬ್ಯಾಗಿನಲ್ಲಿ ಇನ್ನೊಂದು ಜೊತೆ ಕಾಲುಚೀಲ ಇರಲಿ.

ಕೊನೆಯ ಹಂತ: ವೇಷ ಕಳಚುವ ಮುನ್ನ

ದಿನದ ಆಟ ಮುಗಿದ ಮೇಲೆ ಜೋಡಿ ಕುಳಿತು ಮೂರು ಸಂಗತಿ ಬರೆದಿಡಿ: ಯಾವ ತುಣುಕಿಗೆ ಜನ ನಿಂತರು, ಎಲ್ಲಿ ಹಿಂದೆ ಸರಿದರು, ನಾಳೆಗೆ ಏನು ಬಿಡಬೇಕು. ಆ ಬೀದಿಯಲ್ಲಿ ಕಸ ಗುಡಿಸುವವರು, ಕಾವಲು ನಿಂತವರು, ಮಳೆಯಲ್ಲಿ ಕರಪತ್ರ ಹಂಚುವ ಹುಡುಗಿಯರು ದಿನವಿಡೀ ನಿಜವಾದ ಸೇವೆಯಲ್ಲಿರುತ್ತಾರೆ. ಅವರಿಗಾಗಿ ಬಾಗಿಲು ತೆರೆದು ಹಿಡಿಯುವವರು ಯಾರೂ ಇರುವುದಿಲ್ಲ. ನಿಮ್ಮ ದಿನದ ಕೊನೆಯ ತುಣುಕನ್ನು ಅವರಲ್ಲೊಬ್ಬರಿಗೆ ಮೀಸಲಿಡಿ. ಕೊಡೆ ಬಿಚ್ಚಿ ಅವರ ತಲೆಗೆ ಹಿಡಿದು, ಅವರ ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ನಿಲ್ಲಿ.