ರಕ್ತಪರೀಕ್ಷೆಯ ಚೀಟಿಯ ಹಿಂದೆ

ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕ ಪೇಟೆಯ ಒಂದು ಪ್ರಯೋಗಾಲಯದಲ್ಲಿ ರಕ್ತ ಕೊಟ್ಟು ಬಂದರು. ಸಂಜೆ ಕೈಗೆ ಬಂದ ಚೀಟಿಯಲ್ಲಿ ಸಕ್ಕರೆ 312 ಎಂದಿತ್ತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮರುದಿನ ವೈದ್ಯರು ಬೇರೆ ಕಡೆ ಪರೀಕ್ಷೆ ಮಾಡಿಸಿದಾಗ 96 ಬಂದಿತು. ವಿಚಾರಿಸಿದರೆ, ಅದೇ ಹೆಸರಿನ, ಅದೇ ಇನಿಶಿಯಲ್ಲಿನ ಇನ್ನೊಬ್ಬ ಹೆಂಗಸು ಅದೇ ಬೆಳಗ್ಗೆ ಅಲ್ಲಿ ರಕ್ತ ಕೊಟ್ಟಿದ್ದರು. ಅಕ್ಕನ ಚಿಂತೆ ಕಳೆಯಿತು. ಆದರೆ ನಿಜವಾಗಿ 312 ಇದ್ದ ಆ ಇನ್ನೊಬ್ಬರು ತನಗೇನೂ ಇಲ್ಲವೆಂದು ನೆಮ್ಮದಿಯಿಂದ ಮನೆಗೆ ಹೋಗಿದ್ದರಲ್ಲ! ಅವರಿಗೆ ಆಮೇಲೆ ಯಾರಾದರೂ ತಿಳಿಸಿದರೇ ಎಂಬುದು ನಮಗೆ ಗೊತ್ತಾಗಲೇ ಇಲ್ಲ.

ಕನ್ನಡ ಪಾಠ ಹೇಳುವವರಿಗೆ ಪ್ರಯೋಗಾಲಯದ ಗೊಡವೆ ಏಕೆಂದು ವಿದ್ಯಾರ್ಥಿಗಳು ಕೇಳಬಹುದು. ಅಂದಿನಿಂದ ಈ ವಿಷಯವನ್ನು ಸಿಕ್ಕಲ್ಲೆಲ್ಲ ಓದುತ್ತ, ಬಲ್ಲವರನ್ನು ಕೇಳುತ್ತ ಬಂದಿದ್ದೇವೆ. ಹಾಗೆ ತಿಳಿದುದರಲ್ಲಿ ಸ್ವಲ್ಪವನ್ನು ಇಲ್ಲಿ ಬರೆಯುತ್ತೇವೆ.

ತಪ್ಪು ವರದಿ ಎಂದ ಕೂಡಲೇ ನಾವು ಯಂತ್ರವನ್ನು ದೂರುತ್ತೇವೆ. ವಾಸ್ತವದಲ್ಲಿ ಹೆಚ್ಚಿನ ತಪ್ಪುಗಳು ರಕ್ತ ಯಂತ್ರದ ಬಳಿಗೆ ಹೋಗುವ ಮೊದಲೇ ಆಗಿಬಿಟ್ಟಿರುತ್ತವೆ. ಹೆಸರು ಅದಲುಬದಲಾಗುವುದು ಒಂದು. ತೆಗೆದ ರಕ್ತವನ್ನು ಹಾಗೆಯೇ ಇಟ್ಟುಬಿಡುವುದು ಇನ್ನೊಂದು. ದೇಹದಿಂದ ಹೊರಗೆ ಬಂದ ಮೇಲೂ ರಕ್ತಕಣಗಳು ಜೀವಂತವಾಗಿದ್ದು ತಮ್ಮ ಸುತ್ತಲಿನ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಬೆಳಗ್ಗೆ ತೆಗೆದ ರಕ್ತವನ್ನು ಮಧ್ಯಾಹ್ನ ಪರೀಕ್ಷಿಸಿದರೆ ಸಕ್ಕರೆ ಕಡಿಮೆ ಕಾಣುವುದು ಇದರಿಂದ. ಆದುದರಿಂದಲೇ ಸಕ್ಕರೆಯ ಪರೀಕ್ಷೆಗೆ ಫ್ಲೋರೈಡ್ ಹಾಕಿದ, ಬೂದು ಮುಚ್ಚಳದ ಕೊಳವೆಯನ್ನು ಬಳಸುವುದು. ಸಿರಿಂಜಿನಿಂದ ರಕ್ತವನ್ನು ಜೋರಾಗಿ ಚಿಮ್ಮಿಸಿದರೆ ಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ. ಆಗ ಆರೋಗ್ಯವಂತನ ವರದಿಯೂ ವೈದ್ಯರನ್ನು ಗಾಬರಿಗೊಳಿಸೀತು.

ಇನ್ನು ಯಂತ್ರದ ಮಾತು. ದಿನಸಿ ಅಂಗಡಿಯ ತಕ್ಕಡಿ ಸರಿಯಿದೆಯೇ ಎಂದು ನೋಡಲು ಮುದ್ರೆಯ ತೂಕದ ಕಲ್ಲು ಬೇಕಷ್ಟೆ? ಪ್ರಯೋಗಾಲಯದಲ್ಲಿ ಆ ಕೆಲಸವನ್ನು 'ಕಂಟ್ರೋಲ್' ಎಂಬ ದ್ರವ ಮಾಡುತ್ತದೆ. ಅದನ್ನು ಮೊದಲು ಇಪ್ಪತ್ತು ದಿನ ಪರೀಕ್ಷಿಸಿ ಸರಾಸರಿಯನ್ನು ತೆಗೆಯುತ್ತಾರೆ. ಸರಾಸರಿ 100 ಬಂದಿತೆನ್ನೋಣ. ದಿನದಿಂದ ದಿನಕ್ಕೆ ಆಗುವ ಸಹಜ ಏರಿಳಿತದ ಅಳತೆ, ಅಂದರೆ ಗಣಿತದವರು ಹೇಳುವ ಪ್ರಮಾಣ ವಿಚಲನೆ, 3 ಎನ್ನೋಣ. ಗ್ರಾಫ್ ಹಾಳೆಯ ನಡುವೆ 100ರ ಗೆರೆ, ಮೇಲೆ 106ರ ಗೆರೆ, ಕೆಳಗೆ 94ರ ಗೆರೆ ಎಳೆಯಬೇಕು. ಪ್ರತಿದಿನ ರೋಗಿಗಳ ರಕ್ತಕ್ಕಿಂತ ಮೊದಲು ಕಂಟ್ರೋಲನ್ನು ಪರೀಕ್ಷಿಸಿ ಒಂದು ಚುಕ್ಕೆ ಇಡಬೇಕು. ಎಲ್ಲವೂ ಸರಿಯಿದ್ದರೆ ನೂರರಲ್ಲಿ ಸುಮಾರು 95 ಚುಕ್ಕೆಗಳು ಈ ಎರಡು ಗೆರೆಗಳ ನಡುವೆಯೇ ಬೀಳುತ್ತವೆ. ಒಂದು ದಿನ 111 ಬಂದರೆ ಅಂದು ಯಾರ ವರದಿಯನ್ನೂ ಕೊಡಕೂಡದು. ಕಾರಣ ಹುಡುಕಬೇಕು. 101, 102, 103, 104 ಎಂದು ಚುಕ್ಕೆಗಳು ಮೆಟ್ಟಿಲು ಹತ್ತತೊಡಗಿದರೆ, ಎಲ್ಲವೂ ಗೆರೆಯೊಳಗೇ ಇದ್ದರೂ, ಏನೋ ಕೆಡುತ್ತಿದೆ ಎಂದು ಅರ್ಥ. ಔಷಧದ್ರವ ಹಳತಾಗಿರಬಹುದು. ಕರೆಂಟು ಹೋಗಿ ಹೋಗಿ ಫ್ರಿಜ್ಜಿನ ತಂಪು ಕೆಟ್ಟಿರಬಹುದು.

ಈ ನಕ್ಷೆಯನ್ನು 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಪ್ರಯೋಗಾಲಯಗಳಿಗೆ ತಂದರು. ಅದಕ್ಕೆ ಮೂರು ವರ್ಷ ಮೊದಲು, ಅಂದರೆ 1947ರಲ್ಲಿ, ಅಮೇರಿಕದ ಬೆಲ್ಕ್ ಮತ್ತು ಸಂಡರ್‌ಮನ್ ಎಂಬವರು ಒಂದೇ ದ್ರವವನ್ನು ಪೆನ್ಸಿಲ್ವೇನಿಯದ ಹಲವು ಆಸ್ಪತ್ರೆಗಳಿಗೆ ಕಳುಹಿಸಿ ನೋಡಿದ್ದರು. ಉತ್ತರಗಳು ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಸಿರಿವಂತ ದೇಶವೂ ಆರಂಭಿಸಿದ್ದು ಅಲ್ಲಿಂದಲೇ ಎಂಬುದನ್ನು ಗಮನಿಸಬೇಕು.

ಹಣ ಕಡಿಮೆಯಿರುವ ದೇಶಗಳು ಏನು ಮಾಡಬೇಕು? ಇದಕ್ಕೆ ಆಫ್ರಿಕ ಕಂಡುಕೊಂಡ ದಾರಿ ನಮಗೆ ಬಹಳ ಮೆಚ್ಚುಗೆಯಾಯಿತು. ಎಚ್‌ಐವಿ ರೋಗಿಗಳಿಗೆ ಔಷಧ ಸಿಗತೊಡಗಿದಾಗ ಅಲ್ಲಿ ಔಷಧದಷ್ಟೇ ಅಗತ್ಯವಾಗಿ ಕಂಡದ್ದು ನಂಬಬಹುದಾದ ಪರೀಕ್ಷೆ. 2008ರ ಜನವರಿಯಲ್ಲಿ ಮೊಜಾಂಬಿಕ್ ದೇಶದ ಮಾಪುಟೊ ನಗರದಲ್ಲಿ ಸಭೆ ಸೇರಿ, ಪ್ರಯೋಗಾಲಯಗಳನ್ನು ಬಲಪಡಿಸಬೇಕೆಂಬ ಘೋಷಣೆ ಹೊರಡಿಸಿದರು. ಐಎಸ್‌ಒ 15189 ಎಂಬ ಅಂತರರಾಷ್ಟ್ರೀಯ ಮಾನದಂಡ 2003ರಲ್ಲೇ ಬಂದಿತ್ತು. ಆದರೆ ಅದು ಒಂದೇ ನೆಗೆತಕ್ಕೆ ಏರುವ ಗೋಡೆಯಲ್ಲ. 2009ರಲ್ಲಿ ರುವಾಂಡದ ಕಿಗಾಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕ ವಿಭಾಗ ಮತ್ತು ಅದರ ಜೊತೆಗಾರರು ಆ ಗೋಡೆಗೆ ಮೆಟ್ಟಿಲು ಕಟ್ಟಿದರು. ಪರಿಶೀಲನಾ ಪಟ್ಟಿಯಂತೆ ಅಂಕ, ಅಂಕದಂತೆ ನಕ್ಷತ್ರ. 2015ರ ಪಟ್ಟಿಯಲ್ಲಿ ಒಟ್ಟು 275 ಅಂಕಗಳು. 150ರವರೆಗೆ ನಕ್ಷತ್ರವಿಲ್ಲ, 151ಕ್ಕೆ ಒಂದು, 261 ಮುಟ್ಟಿದರೆ ಐದು. ಮೊದಲ ಪರಿಶೀಲನೆಯಲ್ಲಿ ಹೆಚ್ಚಿನವರಿಗೆ ಸೊನ್ನೆಯೇ ಬಂತು. ಸೊನ್ನೆ ಬಂದವರನ್ನು ಹೊರಗೆ ಹಾಕಲಿಲ್ಲ. ಜೊತೆಗೇ ನಡೆಸಿದ ತರಬೇತಿಯಲ್ಲಿ ಮೂರು ಶಿಬಿರಗಳು, ನಡುವಣ ತಿಂಗಳುಗಳಲ್ಲಿ ತಮ್ಮ ತಮ್ಮ ಊರಿಗೆ ಹೋಗಿ ಒಂದೊಂದು ಕುಂದನ್ನು ತಾವೇ ತಿದ್ದುವ ಮನೆಗೆಲಸ. ಕಪಾಟು ಜೋಡಿಸುವುದು, ಅವಧಿ ಮೀರಿದ ದ್ರವ ತೆಗೆದು ಹಾಕುವುದು, ಫ್ರಿಜ್ಜಿನ ಬಾಗಿಲಿಗೆ ತಾಪಮಾನದ ಕಾಗದ ಅಂಟಿಸಿ ದಿನವೂ ಬರೆಯುವುದು: ಇವಕ್ಕೆಲ್ಲ ದೊಡ್ಡ ಹಣ ಬೇಕಿಲ್ಲ.

ಆ ಕಾಗದದ ಬಗ್ಗೆ ಒಂದು ಮಾತು. ತಿಂಗಳು ಪೂರ್ತಿ '4, 4, 4' ಎಂದು ಒಂದೇ ಶಾಯಿಯಲ್ಲಿ ಬರೆದಿದ್ದರೆ ಅದು ಒಂದೇ ದಿನ ಕುಳಿತು ತುಂಬಿದ ಕಾಗದ. ರಜೆಯ ಕೊನೆಯ ರಾತ್ರಿ ಬರೆದ ಕಾಪಿ ಪುಸ್ತಕ ನಮಗೆ ದೂರದಿಂದಲೇ ಗುರುತು ಸಿಗುವುದಿಲ್ಲವೇ?

ನಮ್ಮ ದೇಶದಲ್ಲಿಯೂ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದೇಶದ ಕ್ಷಯ ಪ್ರಯೋಗಾಲಯಗಳ ಮೇಲೆ ಕಣ್ಣಿಟ್ಟಿರುವ ಸಂಸ್ಥೆಗಳಲ್ಲೊಂದು. ಕಫ ಹಚ್ಚಿದ ಗಾಜಿನ ಪಟ್ಟಿಗಳಲ್ಲಿ ಕೆಲವನ್ನು ಲೆಕ್ಕ ನೋಡದೆ ಆರಿಸಿ ಇನ್ನೊಬ್ಬರಿಂದ ನೋಡಿಸುವ ಕ್ರಮವನ್ನು ಕ್ಷಯ ಕಾರ್ಯಕ್ರಮದಲ್ಲಿ ತಂದರು. ಮೊದಲಿನವರು ಏನು ಬರೆದಿದ್ದಾರೆಂದು ಎರಡನೆಯವರಿಗೆ ತಿಳಿಯಬಾರದು. ತಿಳಿದರೆ ಕಣ್ಣು ಅದನ್ನೇ ಕಾಣುತ್ತದೆ. ಉತ್ತರಪತ್ರಿಕೆ ತಿದ್ದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆಯೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೇಶದ ಪ್ರಯೋಗಾಲಯಗಳಿಗೆ ಮೌಲ್ಯ ತಿಳಿಸದ ದ್ರವಗಳನ್ನು ಕಳುಹಿಸಿ ಉತ್ತರಗಳನ್ನು ಹೋಲಿಸುತ್ತದೆ. ಇಲ್ಲಿ ಒಂದು ಪ್ರಲೋಭನೆ ಇದೆ. ಆ ದ್ರವ ಬಂದ ದಿನ ಅತ್ಯಂತ ನುರಿತವರ ಕೈಯಲ್ಲಿ ಎರಡು ಬಾರಿ ಪರೀಕ್ಷೆ ಮಾಡಿಸುವುದು. ಇನ್‌ಸ್ಪೆಕ್ಟರರು ಬರುವ ದಿನ ನಮ್ಮ ತರಗತಿಗಳೂ ಹಾಗೆಯೇ ಇರುತ್ತವೆ, ಅದನ್ನು ಮುಚ್ಚಿಡುವುದಿಲ್ಲ.

ಇಷ್ಟೆಲ್ಲದರ ನಡುವೆ ಕೆಲಸದವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬೆಳಗ್ಗಿನ ಎರಡು ತಾಸಿನಲ್ಲಿ ಒಬ್ಬನೇ ಹುಡುಗ ಐವತ್ತು ಮಂದಿಯ ರಕ್ತ ತೆಗೆಯುವಲ್ಲಿ ತಪ್ಪು ಆಗದಿದ್ದರೆ ಅದೇ ಆಶ್ಚರ್ಯ. ತಪ್ಪಿಗೆ ಬರಿಯ ಶಿಕ್ಷೆಯೇ ಆದರೆ ಅವನು ತಪ್ಪನ್ನು ಅಡಗಿಸುತ್ತಾನೆ. ಅದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಮಾತ್ರ ಮುಂದಿನ ವಾರ ಅದು ಮರುಕಳಿಸದಂತೆ ನೋಡಬಹುದು.

ಹೆತ್ತವರು ಮಾಡಬಹುದಾದದ್ದೂ ಇದೆ. ನಮ್ಮ ಗಡಿನಾಡಿನಲ್ಲಿ ಒಬ್ಬರ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ, ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ, ಆಸ್ಪತ್ರೆಯಲ್ಲಿ ಇಂಗ್ಲಿಷಿನಲ್ಲಿ, ಮೂರು ರೂಪದಲ್ಲಿ ಇರುತ್ತದೆ. "ಹೆಸರು ಇದೇ ಅಲ್ಲವೇ?" ಎಂದು ಕೇಳಿದರೆ ಬರಿದೇ ಹೌದೆನ್ನಬಾರದು. ಪೂರ್ತಿ ಹೆಸರು, ಮನೆ ಹೆಸರು, ವಯಸ್ಸು ನಾವೇ ಹೇಳಬೇಕು. ಉಪವಾಸ ಇದ್ದೇವೋ ಇಲ್ಲವೋ ಎಂಬುದನ್ನು ನಾಚದೆ ಹೇಳಬೇಕು. ಕೊಳವೆಯ ಮೇಲೆ ಹೆಸರನ್ನು ನಮ್ಮೆದುರಿಗೇ ಬರೆಯಿಸಬೇಕು.

ಅಕ್ಕ ಈಗ ಹಾಗೆಯೇ ಮಾಡುತ್ತಾರೆ. ಹಿಂದೆ ನಿಂತವರು ಗೊಣಗಿದರೂ ಮನೆ ಹೆಸರನ್ನು ಅಕ್ಷರ ಬಿಡಿಸಿ ಹೇಳಿ, ಕನ್ನಡಕ ಹಾಕಿಕೊಂಡು ಕೊಳವೆಯನ್ನು ಒಮ್ಮೆ ಓದಿಯೇ ತೋಳು ಚಾಚುತ್ತಾರೆ.