ಸಣ್ಣ ಅಟ್ಟದಲ್ಲಿ ಹೆಚ್ಚು ಉಂಡೆ ಕೊಬ್ಬರಿ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರಿಗೆ ಉಂಡೆ ಕೊಬ್ಬರಿ ಮಾಡುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಮಟ್ಟೆ ಸಹಿತ ಅಟ್ಟಕ್ಕೆ ಹಾಕಿ, ಎಂಟರಿಂದ ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು ಒಡೆಯುವ ಈ ಪದ್ಧತಿ ಇಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಉತ್ತರ ಭಾರತದ ಪೇಟೆಗಳಲ್ಲಿ ಈ ಕೊಬ್ಬರಿಗೆ ವಿಶೇಷ ಬೇಡಿಕೆಯಿದೆ. ಎಣ್ಣೆ ಕೊಬ್ಬರಿಗಿಂತ ಇದಕ್ಕೆ ಬೆಲೆಯೂ ಹೆಚ್ಚು. 2024ನೇ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಎಣ್ಣೆ ಕೊಬ್ಬರಿಗೆ ಕ್ವಿಂಟಾಲಿಗೆ 11,160 ರೂ. ಆಗಿದ್ದರೆ ಉಂಡೆ ಕೊಬ್ಬರಿಗೆ 12,000 ರೂ. ಇತ್ತು.

ತೊಂದರೆ ಇರುವುದು ಜಾಗದಲ್ಲಿ. ಸಣ್ಣ ಹಿಡುವಳಿದಾರನ ಅಟ್ಟ ಬೇಸಿಗೆ ಕೀಳಿನ ಹೊತ್ತಿಗೆ ತುಂಬಿಹೋಗುತ್ತದೆ. ಆಗ ಅವನಿಗೆ ಉಳಿಯುವ ದಾರಿಗಳು ಮೂರು. ಬಂದ ವ್ಯಾಪಾರಿ ಹೇಳಿದ ದರಕ್ಕೆ ಹಸಿಕಾಯಿಯನ್ನು ಕೊಡುವುದು. ಅಟ್ಟದಲ್ಲಿರುವ ಅರೆ ಒಣಗಿದ ಕಾಯಿಯನ್ನು ಮೊದಲೇ ಇಳಿಸಿ ಒಡೆಯುವುದು. ಇಲ್ಲವೇ ಹಳೆಯ ಕಾಯಿಯ ಮೇಲೆಯೇ ಹೊಸದನ್ನು ಸುರಿಯುವುದು. ಬಹಳ ಮಂದಿ ಮಾಡುವುದು ಮೂರನೆಯದನ್ನು. ಹಸಿ ಮಟ್ಟೆಯ ಆವಿ ಕೆಳಗಿನ ಒಣಕಾಯಿಗೆ ತಗಲಿ, ಗಾಳಿಯಾಡದೆ, ವರ್ಷದ ಕೊನೆಗೆ ಒಡೆದಾಗ ಕೌಟು ಹೆಚ್ಚಾಗಿ ಬರುತ್ತದೆ. ಚೀಲದಲ್ಲಿ ನಾಲ್ಕು ಕೌಟು ಸೇರಿದರೆ ಟೆಂಡರಿನಲ್ಲಿ ಇಡೀ ರಾಶಿಯ ದರ ಇಳಿಯುತ್ತದೆ. ಆದ್ದರಿಂದ ಇದ್ದ ಅಟ್ಟದಲ್ಲೇ ಹೆಚ್ಚು ಕಾಯಿಗೆ ಜಾಗ ಮಾಡಿಕೊಳ್ಳುವುದು ಹೇಗೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಅಟ್ಟ ಎಷ್ಟು ಕಾಯಿ ಹಿಡಿಯುತ್ತದೆ?

ಮನೆಯ ಮೂಲೆಯೊಂದರಲ್ಲಿ ಹಲಗೆ ಅಡ್ಡವಿಟ್ಟು ಒಂದು ಗಜ ಉದ್ದ, ಒಂದು ಗಜ ಅಗಲ, ಒಂದು ಗಜ ಎತ್ತರಕ್ಕೆ ಕಾಯಿ ತುಂಬಿ ಎಣಿಸಬೇಕು. ಮಟ್ಟೆಯೊಂದಿಗೆ ಕಾಯಿಯನ್ನು ಸರಾಸರಿ 18ರಿಂದ 20 ಸೆಂ.ಮೀ. ಗುಂಡು ಎಂದು ಹಿಡಿದು, ನಡುವಿನ ಸಂದುಗಳಿಗೆ ಹತ್ತರಲ್ಲಿ ನಾಲ್ಕು ಪಾಲು ಕಳೆದರೆ, ಒಂದು ಘನ ಗಜಕ್ಕೆ 110ರಿಂದ 150 ಕಾಯಿ ಲೆಕ್ಕ ಸಿಗುತ್ತದೆ. ತೋಟದಿಂದ ತೋಟಕ್ಕೆ ಕಾಯಿಯ ಗಾತ್ರ ಬೇರೆಯಾದ್ದರಿಂದ ಪುಸ್ತಕದ ಲೆಕ್ಕಕ್ಕಿಂತ ಎಣಿಸಿದ ಲೆಕ್ಕವೇ ನಂಬಿಕೆಗೆ ಅರ್ಹ. ಇಲ್ಲಿ 130 ಎಂದು ಇಟ್ಟುಕೊಳ್ಳೋಣ.

20 ಅಡಿ ಉದ್ದ, 10 ಅಡಿ ಅಗಲದ ಅಟ್ಟದಲ್ಲಿ 3 ಅಡಿ ಎತ್ತರಕ್ಕೆ ಕಾಯಿ ಹಾಕಿದರೆ 600 ಘನ ಅಡಿ, ಅಂದರೆ 22 ಘನ ಗಜಕ್ಕೆ ಸ್ವಲ್ಪ ಹೆಚ್ಚು. ಅದರಲ್ಲಿ 2,900 ಕಾಯಿ ಹಿಡಿಯುತ್ತದೆ. ಸುಲಭಕ್ಕೆ 3,000 ಎನ್ನೋಣ. ರೈತನಿಗೆ 50 ಮರ ಇದ್ದು, ಮರಕ್ಕೆ 80 ಕಾಯಿ ಬಿಟ್ಟರೆ ವರ್ಷಕ್ಕೆ 4,000 ಕಾಯಿ. ಒಂದು ಸಾವಿರ ಕಾಯಿಗೆ ಜಾಗವಿಲ್ಲ.

ಇಲ್ಲಿ ರಾಶಿಯನ್ನು ನಾಲ್ಕು ಅಡಿಗೆ ಏರಿಸುವ ಯೋಚನೆ ಮೊದಲು ಬರುತ್ತದೆ. ಅದು ತಪ್ಪು ದಾರಿ. ಬಲಿತ ಹಸಿಕಾಯಿ ಒಂದು ಕೆ.ಜಿ. ತೂಗಿದರೂ 3 ಅಡಿ ರಾಶಿಯಲ್ಲಿ ಪ್ರತಿ ಚದರ ಅಡಿಗೆ 14-15 ಕೆ.ಜಿ. ಭಾರ ಬೀಳುತ್ತದೆ, ಇಡೀ ಅಟ್ಟದ ಮೇಲೆ ಸುಮಾರು ಮೂರು ಟನ್. ಹಳೆಯ ತೊಲೆಗಳು, ಗೆದ್ದಲು ತಿಂದ ಗಳುಗಳು ಇದಕ್ಕಿಂತ ಹೆಚ್ಚು ಹೊರುತ್ತವೆಂದು ನಂಬಿ ಅದರ ಕೆಳಗೆ ಮಕ್ಕಳನ್ನು ಮಲಗಿಸುವುದು ಸರಿಯಲ್ಲ. ರಾಶಿ ಎತ್ತರವಾದಷ್ಟೂ ನಡುವಿನ ಕಾಯಿಗೆ ಗಾಳಿ ಸೋಕುವುದಿಲ್ಲ, ತಿರುವಿ ಹಾಕಲು ಕೈ ಎಟುಕುವುದಿಲ್ಲ.

ಜಾಗವೆಂದರೆ ತಿಂಗಳು

ಅಟ್ಟದ ಲೆಕ್ಕದಲ್ಲಿ ಉದ್ದ, ಅಗಲ, ಎತ್ತರಗಳ ಜೊತೆಗೆ ಇನ್ನೊಂದು ಅಳತೆ ಇದೆ. ಅದು ಕಾಯಿ ಅಲ್ಲಿ ಕೂರುವ ಕಾಲ. 3,000 ಕಾಯಿಯ ಅಟ್ಟದಲ್ಲಿ ಪ್ರತಿ ಕಾಯಿಯೂ 12 ತಿಂಗಳು ಕೂತರೆ ವರ್ಷಕ್ಕೆ ಇಳಿಯುವುದು 3,000 ಕಾಯಿ. ಹತ್ತು ತಿಂಗಳಿಗೆ ಇಳಿಸಿದರೆ 3,600. ಒಂಬತ್ತು ತಿಂಗಳಾದರೆ 4,000. ಒಂದು ಹಲಗೆಯನ್ನೂ ಹೆಚ್ಚಿಗೆ ಹಾಕದೆ ಮೇಲಿನ ರೈತನ ಸಾವಿರ ಕಾಯಿಗೆ ಜಾಗ ಆಯಿತು. ಒಂದು ಉಂಡೆ 150 ಗ್ರಾಂ ಎಂದು ಹಿಡಿದರೆ ಅದು ಒಂದೂವರೆ ಕ್ವಿಂಟಾಲ್ ಕೊಬ್ಬರಿ; 2024ರ ಬೆಂಬಲ ಬೆಲೆಯಲ್ಲಿ 18,000 ರೂ. ಇದಷ್ಟೂ ಲಾಭವಲ್ಲ. ಆ ಕಾಯಿ ಹಸಿಯಾಗಿ ಮಾರಿದ್ದರೂ ಹಣ ಬರುತ್ತಿತ್ತು; ಆ ಹಣವನ್ನೂ ಸುಲಿಯುವ, ಒಡೆಯುವ ಕೂಲಿಯನ್ನೂ ಕಳೆದು ನೋಡಬೇಕು. ಹಸಿಕಾಯಿಗೆ ಒಳ್ಳೆಯ ದರ ಇರುವ ವರ್ಷಗಳಲ್ಲಿ ಅಟ್ಟಕ್ಕೆ ಹಾಕದೆ ಮಾರುವುದೇ ಜಾಣತನವಾಗಬಹುದು. ಆದರೆ ಆ ತೀರ್ಮಾನ ದರ ನೋಡಿ ಆಗಬೇಕೇ ಹೊರತು ಜಾಗವಿಲ್ಲವೆಂಬ ಕಾರಣಕ್ಕೆ ಆಗಬಾರದು.

ಕಾಲ ಕಡಿಮೆ ಮಾಡುವುದೆಂದರೆ ಅವಸರದಿಂದ ಒಣಗಿಸುವುದಲ್ಲ. ಉಂಡೆ ಕೊಬ್ಬರಿ ನಿಧಾನವಾಗಿಯೇ ಆಗಬೇಕು. ಮಟ್ಟೆ ಇರುವುದೇ ಅದಕ್ಕಾಗಿ. ಹಸಿಕಾಯಿಯನ್ನು ಸುಲಿದು ಅಟ್ಟಕ್ಕೆ ಹಾಕಿದರೆ ಜಾಗ ಉಳಿಯುತ್ತದೆಂದು ಕೆಲವರು ವಾದಿಸುತ್ತಾರೆ. ಸುಲಿದ ಹಸಿಕಾಯಿಗೆ ಬಿಸಿ ತಗಲಿದರೆ ಚಿಪ್ಪು ಸೀಳುತ್ತದೆ, ಸೀಳಿದ ಕಡೆ ಬೂಷ್ಟು ಹಿಡಿಯುತ್ತದೆ. ಕಡಿಮೆ ಮಾಡಬೇಕಾದದ್ದು ವ್ಯರ್ಥವಾಗಿ ಕಳೆಯುವ ತಿಂಗಳುಗಳನ್ನು ಮಾತ್ರ. ಅವು ಇರುವುದು ಮೊದಲಲ್ಲಿ ಮತ್ತು ಕೊನೆಯಲ್ಲಿ.

ಮೊದಲ ತಿಂಗಳು ನೆಲದ ಮೇಲೆ

ಕಿತ್ತ ಕಾಯಿಯನ್ನು ಅಂದೇ ಅಟ್ಟಕ್ಕೆ ಏರಿಸಬಾರದು. ಮಟ್ಟೆಯ ಹಸಿ ಆರುವವರೆಗೆ, ಮೂರು ನಾಲ್ಕು ವಾರ, ನೆರಳಿನಲ್ಲಿ ಒಂದೆರಡು ಪದರವಾಗಿ ಹರಡಿ ಬಿಡಬೇಕು. ಜಗಲಿ, ಗಾಡಿ ನಿಲ್ಲಿಸುವ ಚಪ್ಪರ, ಯಾವುದಾದರೂ ಆದೀತು. ಮಳೆ ನೀರು ಹರಿಯಬಾರದು. ಆ ವಾರಗಳಲ್ಲಿ ಅಟ್ಟದ ಜಾಗ ಉಳಿಯುತ್ತದೆ, ಅಟ್ಟದೊಳಗಿನ ಕಾಯಿಗೆ ಹಸಿಮಟ್ಟೆಯ ಆವಿಯೂ ತಪ್ಪುತ್ತದೆ. ಮೇಲೇರಿಸುವಾಗ ಭಾರವೂ ಕಡಿಮೆ.

ಈ ಹೊತ್ತಿನಲ್ಲಿಯೇ ಆರಿಸುವ ಕೆಲಸ ಮುಗಿಯಬೇಕು. ಹೂ ಬಿಟ್ಟು 12 ತಿಂಗಳು ತುಂಬಿದ ಕಾಯಿ ಮಾತ್ರ ಅಟ್ಟಕ್ಕೆ ಯೋಗ್ಯ. ಹತ್ತು ಹನ್ನೊಂದು ತಿಂಗಳ ಕಾಯಿ ಹಸಿರು ಮಾಸದೆ ಇರುತ್ತದೆ. ಅದರ ತಿರುಳು ಒಣಗುವಾಗ ಸುಕ್ಕಾಗುತ್ತದೆ ಅಥವಾ ಕೊಳೆಯುತ್ತದೆ. ಅಂತಹ ನೂರು ಕಾಯಿ ವರ್ಷವಿಡೀ ನೂರು ಒಳ್ಳೆಯ ಕಾಯಿಯ ಜಾಗ ತಿನ್ನುತ್ತವೆ. ನುಸಿ ಹೊಡೆದು ಸಣ್ಣಗಾದ ಕಾಯಿ, ಬಿದ್ದಾಗ ಚಿಪ್ಪು ಬಿರಿದ ಕಾಯಿ, ಮೊಳಕೆ ಕಂಡ ಕಾಯಿ, ಇವುಗಳನ್ನೂ ಬೇರೆ ಮಾಡಬೇಕು. ಉದುರುಗಾಯಿ ಹೆಕ್ಕುವವರು ಬಿದ್ದ ಕಾಯಿಯನ್ನು ಒದ್ದೆ ನೆಲದ ಮೇಲೆ ವಾರಗಟ್ಟಲೆ ಬಿಡದೆ ಆಗಾಗ ತರಬೇಕು.

ಅಂಕಣ ಮಾಡಿ ಹಾಕುವುದು

ಇಡೀ ಅಟ್ಟವನ್ನು ಒಂದೇ ರಾಶಿ ಮಾಡಿದರೆ ಯಾವ ಕೀಳಿನ ಕಾಯಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಆಗಿರುವ ಕಾಯಿ ಅಡಿಯಲ್ಲಿ ಸಿಕ್ಕಿಕೊಂಡು, ಆಗದಿರುವುದು ಮೇಲೆ ಕೂರುತ್ತದೆ. ಬಿದಿರಿನ ತಟ್ಟಿ ಅಥವಾ ಅಡಿಕೆ ದಬ್ಬೆಯಿಂದ ಅಟ್ಟವನ್ನು ಆರು ಅಂಕಣ ಮಾಡಬೇಕು. 45 ದಿನಕ್ಕೊಮ್ಮೆ ಕಾಯಿ ಕೀಳುವ ತೋಟದಲ್ಲಿ ವರ್ಷಕ್ಕೆ ಎಂಟು ಕೀಳು. ಕೀಳಿಗೆ 500 ಕಾಯಿಯಂತೆ ಒಂದೊಂದು ಅಂಕಣ ತುಂಬುತ್ತಾ ಬಂದರೆ ಆರನೆಯದು ತುಂಬಿ ಏಳನೆಯ ಕೀಳು ಬರುವಾಗ ಮೊದಲನೆಯ ಅಂಕಣಕ್ಕೆ ಒಂಬತ್ತು ತಿಂಗಳಾಗಿರುತ್ತದೆ. ನೆಲದ ಮೇಲೆ ಕಳೆದದ್ದು ಸೇರಿ ಹತ್ತು ತಿಂಗಳು. ಅದನ್ನು ಇಳಿಸಿ ಹೊಸದನ್ನು ಹಾಕಬೇಕು.

ಎಲ್ಲ ಕೀಳೂ ಸಮನಾಗಿ ಬರುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚು, ಬೇರೆ ಕಾಲದಲ್ಲಿ ಕಡಿಮೆ. ಆದ್ದರಿಂದ ತಟ್ಟಿಗಳನ್ನು ಮೊಳೆ ಹೊಡೆದು ಕೂರಿಸದೆ, ಸರಿಸಲು ಬರುವಂತೆ ಹಗ್ಗದಲ್ಲಿ ಕಟ್ಟಬೇಕು. ಕೀಳಿನ ದಿನಾಂಕ ಮತ್ತು ಕಾಯಿ ಸಂಖ್ಯೆಯನ್ನು ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಸಾಕು.

ಅಟ್ಟದ ಒಳಗೆ ನಿಂತು ಕೆಲಸ ಮಾಡುವಷ್ಟು ಎತ್ತರವಿದ್ದರೆ ಮೂರಡಿಯ ಒಂದು ರಾಶಿಗಿಂತ ಒಂದೂವರೆ ಎರಡು ಅಡಿಯ ಎರಡು ಅಂತಸ್ತು ಮೇಲು. ನಡುವೆ ಕನಿಷ್ಠ ಒಂದು ಅಡಿ ಗಾಳಿಗೆ ಬಿಡಬೇಕು. ಹೊಸ ಕಾಯಿಯನ್ನು ಕೆಳ ಅಂತಸ್ತಿಗೆ ಹಾಕಿ, ನಾಲ್ಕೈದು ತಿಂಗಳ ಮೇಲೆ ಹಗುರಾದ ಕಾಯಿಯನ್ನು ಮೇಲಿನದಕ್ಕೆ ಏರಿಸಬೇಕು. ಭಾರ ಕೆಳಗಿರುತ್ತದೆ, ಕಾಯಿ ಒಮ್ಮೆ ತಿರುವಿದಂತೆಯೂ ಆಗುತ್ತದೆ, ಸೋರಿದ, ಕೊಳೆತ ಕಾಯಿ ಕೈಗೆ ಸಿಗುತ್ತದೆ. ಎರಡನೆಯ ಅಂತಸ್ತಿನ ಭಾರ ಹಳೆಯ ತೊಲೆಗಳ ಮೇಲೆ ಬೀಳದಂತೆ ಅದಕ್ಕೆ ನೆಲದಿಂದಲೇ ಕಂಬ ಕೊಡುವುದು ಕ್ಷೇಮ.

ಅಟ್ಟದ ತಳಕ್ಕೆ ಹಲಗೆ ಒತ್ತೊತ್ತಾಗಿ ಹೊಡೆಯಬಾರದು. ದಬ್ಬೆಗಳ ನಡುವೆ ಎರಡು ಮೂರು ಅಂಗುಲ ಸಂದಿದ್ದರೆ ಕಾಯಿ ಬೀಳುವುದಿಲ್ಲ, ಗಾಳಿ ಏರುತ್ತದೆ. ಏರಿದ ಗಾಳಿ ಹೊರಹೋಗಲು ಸೂರಿನ ಬಳಿ ಕಿಂಡಿ ಬೇಕು. ಇಲಿ ನುಗ್ಗದಂತೆ ಅದಕ್ಕೆ ತಂತಿ ಬಲೆ ಬೇಕು. ಮಂಗಳೂರು ಹೆಂಚಿನ ಮಾಡು ತಾನೇ ಸ್ವಲ್ಪ ಉಸಿರಾಡುತ್ತದೆ. ತಗಡಿನ ಮಾಡಾದರೆ ಚಳಿಗಾಲದ ರಾತ್ರಿ ಒಳಗಡೆ ಬೆವರಿ ನೀರು ತೊಟ್ಟಿಕ್ಕುತ್ತದೆ. ಅಂತಹ ಕಡೆ ರಾಶಿ ತಗಡಿಗೆ ತಾಗಬಾರದು; ಕಿಂಡಿಯೂ ದೊಡ್ಡದಿರಬೇಕು.

ಹೊಗೆ

ಹಿಂದೆ ಅಡುಗೆಮನೆಯ ಮೇಲೆಯೇ ಅಟ್ಟವಿರುತ್ತಿತ್ತು. ಸೌದೆ ಒಲೆಯ ಹೊಗೆ, ಕಾವು ದಿನಕ್ಕೆರಡು ಹೊತ್ತು ತಾನಾಗಿ ಮೇಲೇರುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಹೆಂಗಸರ ಕಣ್ಣಿಗೆ, ಎದೆಗೆ ಸುಖವಾಯಿತು. ಆದರೆ ಅಟ್ಟಕ್ಕೆ ಸಿಗುತ್ತಿದ್ದ ಕಾವು ತಪ್ಪಿತೆಂಬುದನ್ನು ಹೆಚ್ಚು ಮಂದಿ ಗಮನಿಸಿಲ್ಲ. ಅದೇ ಅಟ್ಟದಲ್ಲಿ ಕಾಯಿ ಈಗ ನಿಧಾನವಾಗುತ್ತಿದ್ದರೆ ಕಾರಣವನ್ನು ಇಲ್ಲಿಯೂ ಹುಡುಕಬೇಕು.

ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಜೋರು. ಆಗ ಮೋಡ ಕವಿದ ದಿನಗಳಲ್ಲಿ ಅಟ್ಟದ ಕೆಳಗೆ ಮಟ್ಟೆ, ಚಿಪ್ಪಿನ ಸಣ್ಣ ಬೆಂಕಿ ಹಾಕಿ ಹೊಗೆ ಕೊಡುವುದರಿಂದ ಒಳಗಿನ ತೇವ ಕಳೆಯುತ್ತದೆ, ಬೂಷ್ಟು ತಗ್ಗುತ್ತದೆ. ಉದ್ದೇಶ ಬೆಚ್ಚಗಿಡುವುದು, ಬೇಯಿಸುವುದಲ್ಲ. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಕಿಂಡಿಯ ಗಾಳಿಯೇ ಸಾಕು. ಮಟ್ಟೆ ಮತ್ತು ಚಿಪ್ಪು ನಡುವೆ ಇರುವುದರಿಂದ ಉಂಡೆಯೊಳಗೆ ಹೊಗೆ ವಾಸನೆ ಸೇರುವುದಿಲ್ಲ.

ಒಣಮಟ್ಟೆಗೆ ಕಿಡಿ ತಗಲಿದರೆ ಅಟ್ಟ ಕ್ಷಣದಲ್ಲಿ ಹೊತ್ತುತ್ತದೆ, ಮನೆಯೂ ಉಳಿಯುವುದಿಲ್ಲ. ಬೆಂಕಿಯನ್ನು ಮರಳು ಹಾಸಿದ ಕಬ್ಬಿಣದ ಬಾಣಲೆಯಲ್ಲಿಡಬೇಕು. ಕಿಡಿ ಏರದಂತೆ ಅದರ ಮೇಲೆ ತೂತು ಮಾಡಿದ ತಗಡು ಮುಚ್ಚಬೇಕು. ಪಕ್ಕದಲ್ಲಿ ನೀರಿರಬೇಕು, ಆಳಿರಬೇಕು. ರಾತ್ರಿ ಬೆಂಕಿ ಬಿಟ್ಟು ಮಲಗುವುದು ಬೇಡ. ಆ ಹೊತ್ತಿನಲ್ಲಿ ಅಟ್ಟದ ಕೆಳಗೆ ಜನ, ದನ ಮಲಗಿದರೆ ಹೊಗೆಯಿಂದಲೇ ಅಪಾಯ.

ಕೊನೆಯ ತಿಂಗಳು

ಆಗಿರುವ ಕಾಯಿಯನ್ನು ಗುರುತಿಸುವುದು ಕಷ್ಟವಲ್ಲ. ಕಿವಿಯ ಬಳಿ ಅಲುಗಿಸಿದರೆ ನೀರಿನ ಸದ್ದು ನಿಂತು ಉಂಡೆ ಗಡಗಡನೆ ಹೊರಳಬೇಕು. ಎಂಟು ತಿಂಗಳಿನಿಂದಲೇ ಪ್ರತಿ ಅಂಕಣದಲ್ಲಿ ಅಲ್ಲಲ್ಲಿ ಇಪ್ಪತ್ತು ಕಾಯಿ ತೆಗೆದು ಅಲುಗಿಸಿ ನೋಡಬೇಕು. ಹೆಚ್ಚಿನವು ಆಗಿದ್ದರೆ ಅಂಕಣ ಖಾಲಿ ಮಾಡಿ, ಆಗದ ಕೆಲವನ್ನು ಮುಂದಿನ ಅಂಕಣದ ಮೇಲೆ ಹಾಕಬಹುದು.

ಆದರೆ ಆಗಿರುವ ಕಾಯಿಯನ್ನೂ ರೈತರು ಇಳಿಸುವುದಿಲ್ಲ. ದರ ಏರಲೆಂದು ಕಾಯುತ್ತಾರೆ. ಮದುವೆ, ಬ್ಯಾಂಕಿನ ಕಂತು, ಮಕ್ಕಳ ಫೀಜು, ಎಲ್ಲಕ್ಕೂ ಅಟ್ಟವೇ ಹುಂಡಿ. ಹಾಗೆ ಕಾಯುವುದು ತಪ್ಪಲ್ಲ, ಮಟ್ಟೆಯೊಂದಿಗೆ ಕಾಯುವುದು ಮಾತ್ರ ದುಬಾರಿ. ಮಟ್ಟೆ ಸುಲಿದ ಒಣಕಾಯಿಗೆ ಸುಮಾರು ಕಾಲು ಭಾಗ ಜಾಗ ಸಾಕು. 500 ಕಾಯಿಯ ಅಂಕಣವನ್ನು ಇಳಿಸಿ ಸುಲಿದು, ಕಣ್ಣಿನ ಮೇಲೆ ಜುಟ್ಟು ಉಳಿಸಿ, ಚಿಪ್ಪಿನೊಂದಿಗೇ ಗೋಣಿಚೀಲದಲ್ಲಿ ತುಂಬಿ, ನೆಲದಿಂದ ಎತ್ತರಕ್ಕೆ ಹಲಗೆಯ ಮೇಲೆ ಜೋಡಿಸಿದರೆ ದರ ಬರುವವರೆಗೆ ಒಂದೆರಡು ತಿಂಗಳು ತಡೆಯಬಹುದು. ಚಿಪ್ಪು ಗಟ್ಟಿಯಿರುವವರೆಗೆ ಕೆಂಪು ಕಾಲಿನ ಕೊಬ್ಬರಿ ದುಂಬಿಗೆ ಒಳಗೆ ದಾರಿ ಸುಲಭವಿಲ್ಲ. ಒಡೆದಿಟ್ಟ ಉಂಡೆಗೆ ಆ ರಕ್ಷಣೆ ಇಲ್ಲ. ಮಟ್ಟೆಯೂ ಒಮ್ಮೆಲೇ ರಾಶಿಯಾಗಿ ಸಿಗುವುದರಿಂದ ನಾರಿನ ಕಾರ್ಖಾನೆಯವರಿಗೆ ಲೋಡು ಲೆಕ್ಕದಲ್ಲಿ ಕೊಡಬಹುದು.

ಅಟ್ಟಕ್ಕೆ ಹತ್ತದ ಕಾಯಿ

ಆರಿಸಿ ಬಿಟ್ಟ ಬಲಿಯದ, ಬಿರಿದ ಕಾಯಿಗಳನ್ನು ಒಡೆದು ಹೋಳು ಕೊಬ್ಬರಿ ಮಾಡಬೇಕು. ಹಸಿ ತಿರುಳಿನಲ್ಲಿ ಸುಮಾರು ಅರ್ಧ ಭಾಗ ನೀರಿರುತ್ತದೆ. ಇದನ್ನು ಶೇ. 6ಕ್ಕೆ ಇಳಿಸದಿದ್ದರೆ ಬೂಷ್ಟು ಬರುತ್ತದೆ. ಕೆಲವು ಬೂಷ್ಟುಗಳಿಂದ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಬಿಸಿಲಿದ್ದರೆ ವಾರದ ಮೇಲೆ ಒಂದೆರಡು ದಿನ ಬೇಕು. ಮಳೆಗಾಲಕ್ಕೆ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ, ಚಿಪ್ಪನ್ನೇ ಉರುವಲಾಗಿ ಬಳಸುವ ಸಣ್ಣ ಒಣಗೂಡು ಅನುಕೂಲ. ಅದರಲ್ಲಿ ಹೊಗೆ ಬೇರೆ ದಾರಿಯಲ್ಲಿ ಹೋಗಿ ಬಿಸಿಗಾಳಿ ಮಾತ್ರ ತಿರುಳಿಗೆ ತಗಲುತ್ತದೆ. ಹೋಳಿಗೆ ನೇರವಾಗಿ ಹೊಗೆ ಕೊಟ್ಟರೆ ಬಣ್ಣ ಕೆಡುತ್ತದೆ, ಹೊಗೆಯ ಹಾನಿಕರ ಅಂಶಗಳೂ ಸೇರುತ್ತವೆ.

ಒಣಗೂಡಿನಲ್ಲಿಯೂ ಜಾಗದ ಪಾಠ ಅದೇ. ಚಿಪ್ಪಿನೊಂದಿಗೆ ಹಾಕಿದ ಹೋಳುಗಳಲ್ಲಿ ಕೆಲವು ಗಂಟೆಗಳ ನಂತರ ತಿರುಳು ಸೆಳೆದು ಚಿಪ್ಪಿನಿಂದ ಬಿಡುತ್ತದೆ. ಆಗ ಬೆಂಕಿ ತಗ್ಗಿಸಿ, ಚಿಪ್ಪುಗಳನ್ನೆಲ್ಲ ತೆಗೆದು ತಿರುಳನ್ನು ಮಾತ್ರ ಮತ್ತೆ ಹರಡಬೇಕು. ಖಾಲಿಯಾದ ಜಾಗದಲ್ಲಿ ಎರಡನೆಯ ಸಲದ ಹೋಳು ಹಾಕುವ ಆಸೆ ಬರುತ್ತದೆ. ಹಸಿ ಹೋಳಿನ ಆವಿ ಅರೆ ಒಣಗಿದ ತಿರುಳಿಗೆ ತಗಲದಂತೆ ಹೊಸದನ್ನು ಮೇಲಿನ ತಟ್ಟೆಯಲ್ಲಿ, ಹಳೆಯದನ್ನು ಕೆಳಗಿನದರಲ್ಲಿ ಇಟ್ಟರೆ ಮಾತ್ರ ಹಾಗೆ ಮಾಡಬಹುದು. ಕಾವು 70 ಡಿಗ್ರಿ ಸೆಲ್ಸಿಯಸ್ ಮೀರಿದರೆ ತಿರುಳಿನ ಮೇಲ್ಮೈ ಗಟ್ಟಿಕಟ್ಟಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ.