ವೈದ್ಯರ ಮಾತು ಮನೆಗೆ ಮುಟ್ಟುವ ಬಗೆ

ಜ್ವರದಿಂದ ಬಳಲುತ್ತಿರುವ ಕೂಸನ್ನು ಸೊಂಟದ ಮೇಲಿರಿಸಿಕೊಂಡು ತಾಯಿಯೊಬ್ಬಳು ಗುಬ್ಬಿಯ ತಾಲ್ಲೂಕು ಆಸ್ಪತ್ರೆಗೆ ಬಂದಳೆಂದು ಭಾವಿಸೋಣ. ಸರದಿಯಲ್ಲಿ ಬಹಳ ಹೊತ್ತು ಕಾದ ಮೇಲೆ ವೈದ್ಯರು ಮಗುವನ್ನು ಪರೀಕ್ಷಿಸುತ್ತಾರೆ. ಚೀಟಿಯಲ್ಲಿ ಎರಡು ಮೂರು ಔಷಧಗಳನ್ನು ಬರೆಯುತ್ತಾರೆ. ಅವುಗಳನ್ನು ಕೊಡುವ ಕ್ರಮವನ್ನು ನಾಲ್ಕಾರು ಮಾತುಗಳಲ್ಲಿ ತಿಳಿಸುತ್ತಾರೆ. ಬಾಗಿಲ ಹೊರಗೆ ಇನ್ನೂ ಐವತ್ತು ಮಂದಿ ಕಾದಿರುತ್ತಾರೆ. ತಾಯಿ ತಲೆಯಾಡಿಸಿ, ಔಷಧವನ್ನು ಪಡೆದು, ಬಸ್ಸು ಹತ್ತಿ ಊರು ಸೇರುತ್ತಾಳೆ. ರಾತ್ರಿ ಮಗುವಿಗೆ ಔಷಧ ಕುಡಿಸುವ ಹೊತ್ತಿಗೆ ವೈದ್ಯರ ಆ ಮಾತುಗಳಲ್ಲಿ ಎಷ್ಟು ಆಕೆಯ ನೆನಪಿನಲ್ಲಿ ಉಳಿದಿರುತ್ತವೆ? ಉಳಿದವುಗಳಲ್ಲಿ ಎಷ್ಟು ಸರಿಯಾಗಿ ಉಳಿದಿರುತ್ತವೆ?

ರೋಗವನ್ನು ಗುರುತಿಸುವುದೂ ತಕ್ಕ ಔಷಧವನ್ನು ಆರಿಸುವುದೂ ವೈದ್ಯರ ಕೆಲಸ. ಆದರೆ ಆ ಔಷಧವನ್ನು ಅಳೆದು ಕುಡಿಸುವವರೂ ರಾತ್ರಿಯೆಲ್ಲ ಎಚ್ಚರವಿದ್ದು ಮಗುವಿನ ಉಸಿರನ್ನು ಗಮನಿಸುವವರೂ ಮನೆಯವರು. ಹೀಗೆ ಚಿಕಿತ್ಸೆಯ ಬಹುಭಾಗ ಆಸ್ಪತ್ರೆಯ ಹೊರಗೇ ನಡೆಯುವುದರಿಂದ, ಮಾತೂ ಚಿಕಿತ್ಸೆಯ ಒಂದು ಉಪಕರಣವೆಂದೇ ಹೇಳಬೇಕು. ಆ ಉಪಕರಣ ಎಲ್ಲಿ ಕೆಡುತ್ತದೆ, ಅದನ್ನು ಹೇಗೆ ಸರಿಪಡಿಸಬಹುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಎಂಟು ನೂರು ಭೇಟಿಗಳು

ಈ ವಿಷಯವನ್ನು ವೈಜ್ಞಾನಿಕವಾಗಿ ಮೊದಲು ಪರಿಶೀಲಿಸಿದವರಲ್ಲಿ ಅಮೆರಿಕದ ಮಕ್ಕಳ ವೈದ್ಯೆ ಬಾರ್ಬರಾ ಕೋರ್ಷ್ ಪ್ರಮುಖರು. ಲಾಸ್ ಏಂಜಲೀಸ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಅವರೂ ಅವರ ಸಹೋದ್ಯೋಗಿಗಳೂ ೮೦೦ ಭೇಟಿಗಳಲ್ಲಿ ವೈದ್ಯರಿಗೂ ತಾಯಂದಿರಿಗೂ ನಡೆದ ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡು, ಆ ಬಳಿಕ ತಾಯಂದಿರನ್ನು ಪ್ರತ್ಯೇಕವಾಗಿ ವಿಚಾರಿಸಿದರು. ಫಲಿತಾಂಶಗಳು ೧೯೬೮ ಮತ್ತು ೧೯೬೯ರಲ್ಲಿ ಪ್ರಕಟವಾದುವು. ತಮ್ಮ ಮಗುವಿಗೆ ಏನಾಗಿದೆಯೆಂಬುದು ಸ್ಪಷ್ಟವಾಗಲಿಲ್ಲವೆಂದು ತಾಯಂದಿರಲ್ಲಿ ಸುಮಾರು ಐದನೆಯ ಒಂದು ಪಾಲು ಹೇಳಿದರು. ಕಾಹಿಲೆಗೆ ಕಾರಣವೇನೆಂಬ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೊರಟವರು ಹೆಚ್ಚುಕಡಮೆ ಅರ್ಧದಷ್ಟು.

ಇನ್ನೊಂದು ಸಂಗತಿ ಹೆಚ್ಚು ಗಮನಾರ್ಹವಾದುದು. ಭೇಟಿ ಎಷ್ಟು ನಿಮಿಷ ನಡೆಯಿತೆಂಬುದಕ್ಕೂ ತಾಯಿಗೆ ಆದ ಸಮಾಧಾನಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಂಡುಬರಲಿಲ್ಲ. ಜನಸಂದಣಿಯ ಆಸ್ಪತ್ರೆಗಳಿಗೆ ಇದು ಧೈರ್ಯ ಕೊಡುವ ಮಾತು. ಕಾಲ ಕಡಮೆಯಿದ್ದರೂ ಮಾತಿನ ಕ್ರಮವನ್ನು ಉತ್ತಮಪಡಿಸಲು ಅವಕಾಶವಿದೆ ಎಂದಾಯಿತು.

ಒಂದೇ ಪದ, ಎರಡು ಅರ್ಥ

ವೈದ್ಯರೂ ಮನೆಯವರೂ ಕನ್ನಡವನ್ನೇ ಆಡುತ್ತಿದ್ದರೂ ಅವರ ಮಾತಿನ ಅರ್ಥ ಒಂದೇ ಆಗಿರಬೇಕೆಂಬ ನಿಯಮವಿಲ್ಲ. "ಪರೀಕ್ಷೆ ಪಾಸಿಟಿವ್ ಬಂದಿದೆ" ಎಂದರೆ ಹುಡುಕುತ್ತಿದ್ದ ರೋಗದ ಗುರುತು ಸಿಕ್ಕಿದೆಯೆಂದು ವೈದ್ಯರ ಅಭಿಪ್ರಾಯ. ಆದರೆ ದಿನಬಳಕೆಯಲ್ಲಿ ಆ ಪದಕ್ಕೆ ಒಳ್ಳೆಯದೆಂಬ ಅರ್ಥವಿರುವುದರಿಂದ ಮನೆಯವರು ಸಂತೋಷಪಡುವುದುಂಟು. "ಮಗು ಸ್ಟೇಬಲ್ ಆಗಿದೆ" ಎಂದರೆ ಸ್ಥಿತಿ ಸದ್ಯಕ್ಕೆ ಏರಿಳಿತವಿಲ್ಲದೆ ನಿಂತಿದೆಯೆಂದಷ್ಟೇ ತಾತ್ಪರ್ಯ. ಅಪಾಯ ಕಳೆಯಿತೆಂದು ಕೇಳಿದವರು ಭಾವಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ "ಬಾಯಿಗೆ ಏನೂ ಕೊಡಬೇಡಿ" ಎಂದರೆ, ಏನೂ ಎಂಬುದರಲ್ಲಿ ಎದೆಹಾಲು ಸೇರಿತೇ, ಎರಡು ಗುಟುಕು ನೀರು ಸೇರಿತೇ ಎಂಬ ಸಂದೇಹ ಉಳಿಯುತ್ತದೆ.

ಎದುರು ದಿಕ್ಕಿನಿಂದಲೂ ಇದೇ ತೊಡಕು. ಮಗುವಿಗೆ ಬಾಲಗ್ರಹ ಬಡಿಯಿತೆಂದು ಅಜ್ಜಿ ಹೇಳಿದಾಗ ವೈದ್ಯರು ನಕ್ಕುಬಿಟ್ಟರೆ, ಆಕೆ ಮುಂದಿನ ಮಾತನ್ನು ನುಂಗಿಕೊಳ್ಳುತ್ತಾಳೆ. ಆ ಒಂದು ಪದದ ಒಳಗೆ ಮಗುವಿಗೆ ಫಿಟ್ಸ್ ಬಂದು ಕೈಕಾಲು ಸೆಟೆದುಕೊಂಡ ಸಂಗತಿ ಅಡಗಿರಬಹುದು. "ಆಗ ಏನಾಯಿತು, ನೀವು ಕಣ್ಣಾರೆ ಕಂಡದ್ದನ್ನು ಹೇಳಿ ಅಜ್ಜಿ" ಎಂದು ಕೇಳಿದ ವೈದ್ಯರಿಗೆ ಮಾತ್ರ ಆ ಅಮೂಲ್ಯ ಮಾಹಿತಿ ದೊರೆಯುತ್ತದೆ.

ಚಮಚದ ಲೆಕ್ಕ

ಮಾತು ತಪ್ಪಿದರೆ ಆಗುವ ಅಪಾಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಔಷಧವನ್ನು ಮಗುವಿನ ತೂಕದ ಪ್ರತಿ ಕಿಲೋಗ್ರಾಮಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ೧೫ ಮಿಲಿಗ್ರಾಂನಂತೆ ನಿರ್ಧರಿಸುತ್ತಾರೆ. ೧೦ ಕಿಲೋ ತೂಕದ ಮಗುವಿಗೆ ೧೫೦ ಮಿಲಿಗ್ರಾಂ ಆಯಿತು. ಆದರೆ ಈ ಔಷಧ ಅಂಗಡಿಯಲ್ಲಿ ಬೇರೆಬೇರೆ ಸಾಂದ್ರತೆಗಳಲ್ಲಿ ದೊರೆಯುತ್ತದೆ. ೫ ಮಿಲಿಲೀಟರಿನಲ್ಲಿ ೧೨೫ ಮಿಲಿಗ್ರಾಂ ಇರುವ ಸಿರಪ್ಪಾದರೆ ೬ ಮಿಲಿಲೀಟರ್ ಬೇಕು. ೨೫೦ ಮಿಲಿಗ್ರಾಂ ಇರುವುದಾದರೆ ೩ ಮಿಲಿಲೀಟರ್ ಸಾಕು. ಒಂದೇ ಮಿಲಿಲೀಟರಿನಲ್ಲಿ ೧೦೦ ಮಿಲಿಗ್ರಾಂ ಇರುವ ಹನಿ ಔಷಧವಾದರೆ ಒಂದೂವರೆ ಮಿಲಿಲೀಟರ್ ಮಾತ್ರ. ಹಿಂದಿನ ಸಲದ ಅಳತೆಯ ನೆನಪಿನಿಂದ ಈ ಹನಿ ಔಷಧವನ್ನೇ ೬ ಮಿಲಿಲೀಟರ್ ಕುಡಿಸಿದರೆ ಮಗುವಿನ ಹೊಟ್ಟೆಗೆ ೬೦೦ ಮಿಲಿಗ್ರಾಂ, ಎಂದರೆ ನಾಲ್ಕು ಪಾಲು, ಸೇರುತ್ತದೆ. ಮಿತಿಮೀರಿದ ಪ್ಯಾರಸಿಟಮಾಲ್ ಯಕೃತ್ತಿಗೆ ಹಾನಿಕರ.

"ಒಂದು ಚಮಚ ಕೊಡಿ" ಎಂಬ ಮಾತು ಎಷ್ಟು ಸಡಿಲವೆಂಬುದು ಇದರಿಂದ ವಿದಿತವಾಗುತ್ತದೆ. ನ್ಯೂಯಾರ್ಕಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹತ್ತು ಮಂದಿ ಪಾಲಕರಲ್ಲಿ ಸುಮಾರು ನಾಲ್ವರು ಔಷಧವನ್ನು ಅಳೆಯುವಾಗ ತಪ್ಪಿದರು. ಪ್ರಮಾಣವನ್ನು ಚಮಚದ ಲೆಕ್ಕದಲ್ಲಿ ಹೇಳುತ್ತಿದ್ದವರು ತಪ್ಪುವ ಸಂಭವ, ಮಿಲಿಲೀಟರಿನಲ್ಲಿ ಹೇಳುತ್ತಿದ್ದವರಿಗಿಂತ ಸುಮಾರು ಇಮ್ಮಡಿಯಾಗಿತ್ತು.

ಕಾರಣವನ್ನೂ ತಿಳಿಸಬೇಕು

ಭೇದಿಯಾದ ಮಗುವಿಗೆ ಓ.ಆರ್.ಎಸ್. ಪುಡಿಯ ಪೊಟ್ಟಣವನ್ನು ಕೊಟ್ಟು ಕಳುಹಿಸಿದರೆ, "ಒಂದು ಬಾಟಲು ಗ್ಲೂಕೋಸ್ ಕೂಡ ಹಾಕಲಿಲ್ಲ" ಎಂದು ಅಸಮಾಧಾನಪಡುವವರುಂಟು. ಪುಡಿಯಲ್ಲಿರುವ ಗ್ಲೂಕೋಸು ಕರುಳಿನ ಗೋಡೆಯ ಮೂಲಕ ಉಪ್ಪಿನ ಅಂಶವನ್ನು ತನ್ನ ಜೊತೆಗೆ ಒಳಕ್ಕೆ ಒಯ್ಯುತ್ತದೆ, ಅವುಗಳ ಹಿಂದೆಯೇ ನೀರೂ ರಕ್ತವನ್ನು ಸೇರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ೧೯೭೧ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ವೈದ್ಯ ದಿಲೀಪ್ ಮಹಲನಬೀಸ್ ಅವರು ರೋಗಿಗಳ ಬಂಧುಗಳ ಕೈಗೇ ಈ ದ್ರಾವಣವನ್ನು ಒಪ್ಪಿಸಿದರು. ಶೇಕಡಾ ೩೦ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣ ಅವರ ರೋಗಿಗಳಲ್ಲಿ ಶೇಕಡಾ ೩.೬ಕ್ಕೆ ಇಳಿಯಿತು. ತಿಳಿಯಹೇಳಿದರೆ ಮನೆಯವರೇ ಸಮರ್ಥ ಶುಶ್ರೂಷಕರಾಗುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಭೇದಿಗೆ ಜೊತೆಯಲ್ಲಿ ಕೊಡುವ ಸತುವಿನ ಮಾತ್ರೆಯ ವಿಷಯವೂ ಹೀಗೆಯೇ. ಅದನ್ನು ೧೪ ದಿನ ಕೊಡಬೇಕು. ಮೂರನೆಯ ದಿನ ಭೇದಿ ನಿಂತರೆ ಮಾತ್ರೆಯೂ ನಿಲ್ಲುವುದು ಸಹಜ. ಮುಂದೆ ಬರಬಹುದಾದ ಭೇದಿಯನ್ನು ತಡೆಯುವುದಕ್ಕೂ ಅದು ಸಹಾಯಕವೆಂದು ತಿಳಿಸಿದರೆ ತಾಯಿ ಮುಂದುವರಿಸುತ್ತಾಳೆ. ಕಾರಣ ತಿಳಿಯದ ಅಪ್ಪಣೆ ಬೇಗ ಮರೆಯುತ್ತದೆ.

ಮರಳಿ ಹೇಳಿಸುವ ಕ್ರಮ

ಗುಬ್ಬಿ ಎಂದೊಡನೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಧ್ವನಿವರ್ಧಕವಿಲ್ಲದ ಕಾಲದ ನಟನಿಗೆ, ತನ್ನ ಮಾತು ಕೊನೆಯ ಸಾಲಿನವನಿಗೆ ಮುಟ್ಟಿತೆಂಬುದು ಆ ಸಾಲಿನಿಂದ ಕೇಳಿಬರುವ ನಗೆಯಿಂದ ತಿಳಿಯುತ್ತಿತ್ತು. ವೈದ್ಯರಿಗೂ ಅಂಥದೊಂದು ಸೂಚನೆ ಬೇಕು. "ಎಲ್ಲಾ ಗೊತ್ತಾಯಿತೇ?" ಎಂದು ಕೇಳಿದರೆ ಅದು ದೊರೆಯದು, ಸಂಕೋಚದಿಂದ ಎಲ್ಲರೂ "ಹೂಂ" ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೂ ಯೂನಿಸೆಫ್ ಸಂಸ್ಥೆಯೂ ೧೯೯೦ರ ದಶಕದಲ್ಲಿ ರೂಪಿಸಿದ ಮಕ್ಕಳ ಚಿಕಿತ್ಸೆಯ ತರಬೇತಿಯಲ್ಲಿ ಇದಕ್ಕೆ ಒಂದು ಕ್ರಮವಿದೆ: ಮೊದಲು ಕೇಳುವುದು, ಆಲಿಸುವುದು, ತಾಯಿ ಸರಿಯಾಗಿ ಮಾಡಿದ್ದನ್ನು ಮೆಚ್ಚಿ ಹೇಳುವುದು, ಅನಂತರ ಸಲಹೆ, ಕೊನೆಯಲ್ಲಿ, ಹೂಂ ಅಥವಾ ಇಲ್ಲ ಎಂದು ಉತ್ತರಿಸಲಾಗದ ಪ್ರಶ್ನೆಯಿಂದ ತಿಳಿವಳಿಕೆಯನ್ನು ಪರೀಕ್ಷಿಸುವುದು. ಕುಣಿಗಲಿನ ಆಸ್ಪತ್ರೆಯೊಂದರಲ್ಲಿ ಅದು ಹೀಗೆ ನಡೆಯಬಹುದು:

"ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕಮ್ಮ. ಮನೆಗೆ ಹೋಗಿ ಈ ಪುಡೀನ ಹ್ಯಾಗೆ ಕಲಸ್ತೀರಿ?"

"ಒಂದು ಲೋಟ ನೀರಿಗೆ ಒಂದು ಪೊಟ್ಟಣ ಹಾಕ್ತೀನಿ, ಡಾಕ್ಟ್ರೇ."

"ಹಾಗಾದ್ರೆ ನಾನು ಬಿಡಿಸಿ ಹೇಳಲಿಲ್ಲ ಅಂತಾಯ್ತು. ಇದು ಪೂರಾ ಒಂದು ಲೀಟರ್ ನೀರಿಗೆ. ಈ ನೀರಿನ ಬಾಟಲಿ ನೋಡಿ, ಇದರ ತುಂಬ. ಈಗ ಇನ್ನೊಂದು ಸಲ ಹೇಳಿ."

ಈ ಸಂಭಾಷಣೆಗೆ ಅರ್ಧ ನಿಮಿಷ ಸಾಕು. ಆದರೆ ಅದರಿಂದ ಒದಗಿದ ಲಾಭವನ್ನು ನೋಡಿ. ಒಂದು ಲೀಟರಿಗೆಂದು ಮಾಡಿದ ೨೦.೫ ಗ್ರಾಂ ಪುಡಿಯನ್ನು ೨೦೦ ಮಿಲಿಲೀಟರಿನ ಲೋಟದಲ್ಲಿ ಕಲಸಿದ್ದರೆ ದ್ರಾವಣ ಐದು ಪಾಲು ಗಟ್ಟಿಯಾಗಿ, ಉಪ್ಪು ಹೆಚ್ಚಿ, ಮಗುವಿಗೆ ಅಪಾಯವಾಗುತ್ತಿತ್ತು. ಈ ಪ್ರಶ್ನೆಯಲ್ಲಿ ಪರೀಕ್ಷೆಗೆ ಒಳಗಾಗುವುದು ವೈದ್ಯರ ವಿವರಣೆಯೇ ಹೊರತು ತಾಯಿಯ ಬುದ್ಧಿಯಲ್ಲ. ಆದುದರಿಂದ ಆಕೆಗೆ ಅವಮಾನವೂ ಇಲ್ಲ.

ಮಾತು ಕೈ ಬದಲಾಯಿಸುವಾಗ

ಕಾಹಿಲೆ ಉಲ್ಬಣಿಸಿದರೆ ಮಗುವನ್ನು ಗುಬ್ಬಿಯಿಂದ ಸುಮಾರು ೨೦ ಕಿಲೋಮೀಟರ್ ದೂರದ ತುಮಕೂರಿನ ಜಿಲ್ಲಾ ಆಸ್ಪತ್ರೆಗೂ, ಅಲ್ಲಿಂದ ಅಗತ್ಯವಿದ್ದರೆ ಸುಮಾರು ೭೦ ಕಿಲೋಮೀಟರ್ ದೂರದ ಬೆಂಗಳೂರಿಗೂ ಕಳುಹಿಸಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ವೈದ್ಯರು ಬದಲಾಗುತ್ತಾರೆ. ಮಗುವಿನ ಕಥೆಯನ್ನು ಆದಿಯಿಂದ ಬಲ್ಲವರು ಮನೆಯವರು ಮಾತ್ರ. ಏಕೆ ಕಳುಹಿಸುತ್ತಿದ್ದೇವೆ, ಈವರೆಗೆ ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟಿದೆ ಎಂಬುದನ್ನು ಕಾಗದದಲ್ಲಿ ಬರೆಯುವುದರ ಜೊತೆಗೆ ಅವರಿಗೂ ಹೇಳಿ ಕಳುಹಿಸಬೇಕು. ಕೇಳಿದವಳು ತಾಯಿಯಾದರೂ ಔಷಧ ಕುಡಿಸುವವರು ಅತ್ತೆಯಾಗಿರಬಹುದು. ಅವರನ್ನೂ ಕರೆದು ಹೇಳುವುದು ಮೇಲು. ತುಮಕೂರು ನಗರದಲ್ಲಿ ಉರ್ದುವನ್ನೂ ಪಾವಗಡದ ಕಡೆ ತೆಲುಗನ್ನೂ ಮನೆಮಾತಾಗಿ ಆಡುವ ಕುಟುಂಬಗಳಿರುವುದರಿಂದ, ಅವರವರ ಮಾತು ಬಲ್ಲ ದಾದಿಯರ ಅಥವಾ ಆಶಾ ಕಾರ್ಯಕರ್ತೆಯರ ನೆರವನ್ನು ಪಡೆಯಬೇಕು.

ಈ ದಿಸೆಯಲ್ಲಿ ಕೆಲಸ ಸಾಗಿದೆ. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಲ್ಲಿ ತಂದೆತಾಯಿಗಳನ್ನು ಗಾಜಿನ ಬಾಗಿಲಾಚೆ ನಿಲ್ಲಿಸದೆ, ಕೈ ತೊಳೆಯುವ ಕ್ರಮದಿಂದ ಮೊದಲುಮಾಡಿ ಆರೈಕೆಯನ್ನು ಕಲಿಸಿ ಒಳಗೆ ಸೇರಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ೨೦೧೭ರಲ್ಲಿ ಮಾರ್ಗಸೂಚಿ ಹೊರಡಿಸಿತು. ೨೦೧೯ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ರೋಗಿಗಳೊಡನೆ ಮಾತನಾಡುವ ಕಲೆಯನ್ನೂ ಕಲಿಸಲಾಗುತ್ತಿದೆ.

ವಿದ್ಯಾರ್ಥಿಗಳು ಮಾಡಬಹುದಾದುದು

ಎಷ್ಟೋ ಮನೆಗಳಲ್ಲಿ ಔಷಧದ ಸೀಸೆಯ ಮೇಲಿನ ಇಂಗ್ಲಿಷನ್ನು ಓದಿ ಹೇಳುವವರು ಪ್ರೌಢಶಾಲೆಗೆ ಹೋಗುವ ಅಕ್ಕ ಅಥವಾ ಅಣ್ಣ. ಆದಕಾರಣ ಈ ಪಾಠ ನಿಮಗೂ ಸಂಬಂಧಪಟ್ಟುದು. ಒಂದು ಸುಲಭ ಪ್ರಯೋಗವನ್ನು ಮಾಡಿನೋಡಿ. ಅಡಿಗೆಮನೆಯ ಮೂರು ನಾಲ್ಕು ಬಗೆಯ ಚಮಚಗಳನ್ನು ಶಾಲೆಯ ಪ್ರಯೋಗಶಾಲೆಗೆ ತನ್ನಿ. ಒಂದೊಂದರಿಂದಲೂ ಹತ್ತು ಸಲ ಅಂಚಿನವರೆಗೆ ನೀರನ್ನು ತುಂಬಿ ಅಳತೆಯ ಜಾಡಿಗೆ ಸುರಿದು, ಬಂದ ಮೊತ್ತವನ್ನು ಹತ್ತರಿಂದ ಭಾಗಿಸಿ. ಒಂದು ಚಮಚಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಕಂಡ ಮೇಲೆ, ಔಷಧದ ಜೊತೆಯಲ್ಲಿ ಬರುವ ಅಳತೆಯ ಮುಚ್ಚಳವನ್ನು ನೀವು ಎಂದಿಗೂ ಎಸೆಯಲಾರಿರಿ.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡನ್ನೂ ಈಗಾಗಲೇ ಕೊಟ್ಟಿರುವ ಔಷಧಗಳ ಸೀಸೆಗಳನ್ನೂ ಜೊತೆಗೆ ಒಯ್ಯಿರಿ. ಕೇಳಬೇಕಾದುದನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿರಿ: ಮಗುವಿಗೆ ಏನಾಗಿದೆ? ಯಾವ ಔಷಧ, ಎಷ್ಟು ಮಿಲಿಲೀಟರ್, ಎಷ್ಟು ದಿನ? ಏನು ಕಂಡರೆ ತಡಮಾಡದೆ ಮರಳಿ ಬರಬೇಕು? ಕೊನೆಯ ಪ್ರಶ್ನೆಯ ಉತ್ತರವನ್ನು ಎಲ್ಲರೂ ಕಂಠಪಾಠ ಮಾಡತಕ್ಕದ್ದು. ಮಗು ಹಾಲು ನೀರು ಏನನ್ನೂ ಕುಡಿಯಲಾರದಿದ್ದರೆ, ಕುಡಿದುದನ್ನೆಲ್ಲ ವಾಂತಿಮಾಡಿದರೆ, ಫಿಟ್ಸ್ ಬಂದರೆ, ಎಚ್ಚರಿಸಿದರೂ ಮಂಕಾಗಿಯೇ ಬಿದ್ದಿದ್ದರೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಕೆಮ್ಮು ನೆಗಡಿಯಿರುವ ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ ೫೦, ಒಂದರಿಂದ ಐದು ವರ್ಷದೊಳಗಿನ ಮಗುವಿನಲ್ಲಿ ೪೦ ಅಥವಾ ಅದಕ್ಕೂ ಹೆಚ್ಚು ಬಂದರೆ, ಅಥವಾ ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ, ಬೆಳಗಾಗಲೆಂದು ಕಾಯಕೂಡದು.

ಚೀಟಿಯನ್ನು ಕೈಗೆ ತೆಗೆದುಕೊಂಡ ಮೇಲೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ: "ಡಾಕ್ಟ್ರೇ, ನಾನು ತಿಳಿದುಕೊಂಡದ್ದು ಹೀಗೆ, ಸರಿಯೋ ನೋಡಿ." ತಪ್ಪಿದ್ದರೆ ಅದು ಅಲ್ಲಿಯೇ ತಿದ್ದಲ್ಪಡುತ್ತದೆ. ಮನೆಗೆ ಹೋದ ಮೇಲೆ, ನಡುರಾತ್ರಿಯಲ್ಲಿ, ಅದನ್ನು ತಿದ್ದುವವರು ಯಾರೂ ಇರುವುದಿಲ್ಲ.